ಹುತ್ತಕ್ಕೆ ಮುಚ್ಚಿದ ಕಲ್ಲು

ಪರಸಪ್ಪನ ಕೈಯಲ್ಲಿ ಉಳಿದದ್ದು ನಾಲ್ಕೇ ದಿನ.

ಸೋಮವಾರ ಅರಣ್ಯ ಇಲಾಖೆಯ ಕಚೇರಿಯಲ್ಲಿ ಸಾಹೇಬರು ಒಂದು ಹೆಸರಿಲ್ಲದ ಅರ್ಜಿಯನ್ನು ಅವನೆದುರಿಗೇ ಓದಿದ್ದರು. ನವಿಲುತೀರ್ಥದ ಗುಡ್ಡದಲ್ಲಿ ಉರುಲು ಹಾಕಿ ಕೌಜುಗ ಹಕ್ಕಿ ಹಿಡಿಯುತ್ತಿರುವವನು ಹೊರಗಿನವನಲ್ಲ, ಕಾವಲುಗಾರ ಪರಸಪ್ಪನೇ; ಅವನ ಅಪ್ಪ ನಾಕೂರಿಗೆ ಹೆಸರಾದ ಬೇಟೆಗಾರ, ಹುಲಿಯ ಹೊಟ್ಟೆಯಲ್ಲಿ ಇಲಿ ಹುಟ್ಟೀತೇ, ಎಂದು ಅದರಲ್ಲಿ ಬರೆದಿತ್ತು.

"ಶುಕ್ರವಾರದೊಳಗ ಹಿಡಿಯಾಂವ ಯಾರಂತ ತೋರ್ಸು. ಇಲ್ಲಾಂದ್ರ ಬಿಲ್ಲೆ ಟೇಬಲ್ ಮ್ಯಾಲಿಟ್ಟು ಮನಿಗೆ ನಡಿ," ಎಂದಿದ್ದರು ಸಾಹೇಬರು.

ಹತ್ತೊಂಬತ್ತು ವರ್ಷ ಗುಡ್ಡ ತಿರುಗಿ ಮೊಣಕಾಲು ಸವೆಸಿಕೊಂಡ ಮನುಷ್ಯ ಪರಸಪ್ಪ. ಹಂಗಾಮಿ ಕೆಲಸ. ಅಂಗಿಗೆ ಚುಚ್ಚಿದ ಹಿತ್ತಾಳೆಯ ಬಿಲ್ಲೆ ಒಂದನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಅವನು ಗಳಿಸಿದ್ದು ಏನೂ ಇಲ್ಲ. ಆ ಬಿಲ್ಲೆಯನ್ನೇ ಈಗ ಕಿತ್ತುಕೊಳ್ಳುತ್ತೇವೆ ಎಂದರೆ ಏನು ಹೇಳಬೇಕು? ಮನೆಗೆ ಬಂದ. ಮರುದಿನ ಬೆಳಿಗ್ಗೆ ಹೆಂಡತಿ ಸುಂದರವ್ವ ಸಜ್ಜಿರೊಟ್ಟಿ, ಶೇಂಗಾಚಟ್ನಿ ಗಂಟು ಕಟ್ಟಿಕೊಟ್ಟಳು. ಕಂಬಳಿಯನ್ನು ಹೆಗಲಿಗೇರಿಸಿ ಹೊರಟ.

ಅವನ ಜೊತೆಗೆ ಇಬ್ಬರು. ಒಬ್ಬಳು ಬೀಟ್ ಗಾರ್ಡ್ ಭಾಗೀರಥಿ, ರಾಮದುರ್ಗದ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಕಾಗದದ ಲೆಕ್ಕದಲ್ಲಿ ಅವಳು ಮೇಲಿನವಳು. ಬಾಯಲ್ಲಿ ಅವನನ್ನು 'ಕಾಕಾ' ಅನ್ನುತ್ತಿದ್ದಳು. ಇನ್ನೊಬ್ಬರು ಬೈಲಹೊಂಗಲದ ಕಾಲೇಜಿನ ಅಧ್ಯಾಪಕಿ ಶೀತಲ. ನವಿಲುತೀರ್ಥದಿಂದ ತೊರಗಲ್‌ವರೆಗಿನ ಗುಡ್ಡಸಾಲಿನಲ್ಲಿ ಬೇಟೆಗಾರರ ಕೈಗೆ ಎಷ್ಟು ಹಕ್ಕಿ ಸಾಯುತ್ತವೆ ಎಂಬುದನ್ನು ಅವರು ವರ್ಷದಿಂದ ಬರೆದಿಡುತ್ತಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಎರಡು ಮನೆ. ಒಂದರಲ್ಲಿ ಸತ್ತದ್ದು: ಪುಕ್ಕದ ಗುಡ್ಡೆ, ಕಾಲು, ರಕ್ತದ ಗುರುತು. ಇನ್ನೊಂದರಲ್ಲಿ ಬದುಕಿದ್ದು: ಹೊತ್ತು ಮೂಡುವಾಗ, ಹೊತ್ತು ಮುಳುಗುವಾಗ ಕೂತು ಕಿವಿಗೊಟ್ಟರೆ ಎಷ್ಟು ಕೌಜುಗ ಕೂಗಿದವು ಎಂಬುದು.

ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹೊರಬೀಳುತ್ತಾಳೆ. ಅಣೆಕಟ್ಟಿನ ಹಿಂದೆ ಕಣ್ಣು ಹಾಯುವಷ್ಟೂ ನೀರು. ಮುಂದೆ ರೊಟ್ಟಿ ಒಟ್ಟಿದಂತೆ ಪದರುಪದರಾದ ಕೆಂಪು ಕಲ್ಲು. ಮೇಲೆ ಹತ್ತಿದರೆ ಮಣ್ಣಿಗಿಂತ ಕಲ್ಲೇ ಹೆಚ್ಚು. ಕಲ್ಲಿನ ಸಂದಿಯಲ್ಲಿ ಬಾರಿಕಂಟಿ, ಕವಳಿಕಂಟಿಯಂಥ ಮುಳ್ಳುಪೊದೆ, ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಹುತ್ತ. ಫೆಬ್ರುವರಿ ತಿಂಗಳಾದರೂ ಹತ್ತು ಗಂಟೆಗೆಲ್ಲ ಕಲ್ಲು ಹಂಚಿನಂತೆ ಕಾಯುತ್ತಿತ್ತು.

ಮಂಗಳವಾರ ಗುಡ್ಡ ಹತ್ತಿ ಅರ್ಧ ತಾಸಾಗಿರಲಿಲ್ಲ, ಪರಸಪ್ಪನ ಕಣ್ಣಿಗೆ ಒಂದು ಹುತ್ತ ಬಿತ್ತು. ಅದರ ಬುಡದಲ್ಲಿ, ಮೂಡಣ ದಿಕ್ಕಿಗೆ, ಒಂದು ಚಪ್ಪಟೆ ಕಲ್ಲು.

ಅವನು ಅಲ್ಲೇ ನಿಂತ.

ಪಂಚಮಿಗೆ ಹಾಲೆರೆಯುವ ಈ ಸೀಮೆಯಲ್ಲಿ ಹುತ್ತಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಹಚ್ಚುವವನು ಒಬ್ಬನೇ: ಬೇರೆ ಹಕ್ಕಿಗಳನ್ನು ಕೂಗಿ ಕರೆಯಲು ಕೌಜುಗವನ್ನು ಸಾಕಿಕೊಂಡವನು. ಹಳಬರು ಅದಕ್ಕೆ ದೀವದ ಹಕ್ಕಿ ಅನ್ನುತ್ತಿದ್ದರು. ಅದಕ್ಕೆ ದಿನಾ ಗೆದ್ದಲು ಬೇಕು. ಹುತ್ತದ ಬುಡವನ್ನು ಮೂಡಣಕ್ಕೆ ಸಣ್ಣಗೆ ಕೆದರಿ, ಹಕ್ಕಿಗೆ ಉಣ್ಣಿಸಿ, ಮೇಲೆ ಕಲ್ಲು ಮುಚ್ಚಿದರೆ ನಾಳೆಗೆ ಮತ್ತೆ ಗೆದ್ದಲು ಕೂಡುತ್ತವೆ. ಈ ಯುಕ್ತಿ ಪರಸಪ್ಪನ ಅಪ್ಪನದು. ಸಣ್ಣವನಿದ್ದಾಗ ಪರಸಪ್ಪನೇ ಎಷ್ಟು ಕಲ್ಲು ಮುಚ್ಚಿರಲಿಲ್ಲ!

ಇದನ್ನು ತೋರಿಸಿದರೆ, 'ನಿನಗ ಹ್ಯಾಂಗ ಗೊತ್ತು?' ಅನ್ನುತ್ತಾರೆ. ಅಪ್ಪನಿಂದ ಕಲಿತದ್ದು ಅಂದರೆ ಅರ್ಜಿ ಬರೆದವನ ಮಾತೇ ಖರೆಯಾಯಿತು.

"ಏನ್ ಕಾಕಾ, ನಿಂತ್ರಿ?" ಭಾಗೀರಥಿ ಕೇಳಿದಳು.

"ಏನಿಲ್ಲ ತಂಗಿ. ಮೊಣಕಾಲು. ನಡೀರಿ ಮುಂದ."

ನಡೆದರು. ಮೂರು ದಿನ ನಡೆದರು. ಕಂಟಿಯ ಬುಡದಲ್ಲಿ ಪುಕ್ಕ ಸಿಕ್ಕವು, ಹಳ್ಳದ ದಂಡೆಯಲ್ಲಿ ಸುಟ್ಟ ಮೂರು ಕಲ್ಲಿನ ಒಲೆ ಸಿಕ್ಕಿತು, ಹರಿದ ಉರುಲು ಸಿಕ್ಕವು. ಮನುಷ್ಯ ಮಾತ್ರ ಸಿಗಲಿಲ್ಲ. ಮಂಗಳವಾರ ಬೆಳಿಗ್ಗೆ ಎರಡು ಕೌಜುಗ ಕೂಗಿದ್ದವು. ಬುಧವಾರ ಒಂದು. ಗುರುವಾರ ಗುಡ್ಡವೇ ಬಾಯಿ ಕಟ್ಟಿದಂತೆ ಸುಮ್ಮನಿತ್ತು.

ಗುರುವಾರ ಸಂಜೆ ಮೂವರೂ ತೊರಗಲ್ ಕೋಟೆಯ ಬುರುಜಿನ ಮೇಲೆ ಕಾಲು ಚಾಚಿ ಕುಳಿತರು. ಶೀತಲ ನೋಟ್‌ಬುಕ್ಕು ತೆರೆದರು.

"ವರ್ಷದಾಗ ಸತ್ತದ್ದು, ಕೌಜುಗ ಅರವತ್ತೊಂದು. ಬುರ್ಲಿ ಹಕ್ಕಿ ಹದಿನೇಳು. ನವಿಲು ನಾಕು. ಇವತ್ತ ಕೂಗಿದ್ದು, ಸೊನ್ನಿ." ಬುಕ್ಕು ಮುಚ್ಚಿದರು. "ನಾವು ಬರೇ ಹೆಣಾ ಎಣಸೋರಾದ್ವಿ ಪರಸಣ್ಣ."

ಆ ಮಾತು ಪರಸಪ್ಪನಿಗೆ ಮುಳ್ಳಿನಂತೆ ನಾಟಿತು. ಮುರಿದ ರೊಟ್ಟಿಯನ್ನು ಮತ್ತೆ ಗಂಟಿನಲ್ಲಿಟ್ಟ. ನೀರು ಕುಡಿದ.

"ಅಕ್ಕಾರ, ಒಂದು ತಪ್ಪಾಗೇತ್ರಿ," ಎಂದ. ಹುತ್ತದ ಕಲ್ಲಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳುವಾಗ ಇಬ್ಬರ ಮುಖವನ್ನೂ ನೋಡಲಿಲ್ಲ.

ಭಾಗೀರಥಿ ಎದ್ದೇ ನಿಂತಳು. "ಮೊದಲನೇ ದಿನಾನ ನೋಡಿದ್ರಿ? ನನ್ನ ಬೂಟಿನ ತಳಾ ಹೋತು ಕಾಕಾ! ಮೂರು ದಿನ ಕಲ್ಲು ತುಳಿಸಿದ್ರಲ್ಲ ಸುಮ್ಮನ!"

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗಾತು ನಂದು," ಎಂದ ಪರಸಪ್ಪ.

"ಈ ಮೂರು ದಿನದಾಗ ಎಷ್ಟು ಹಕ್ಕಿ ಹೋಗಿರಬೇಕು ಪರಸಣ್ಣ?" ಎಂದು ಶೀತಲ ಕೇಳಿದರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ಆ ದನಿಯಲ್ಲಿ.

"ನಾಳೆ ಮೊದಲನೇ ಬಸ್ಸು ಎಷ್ಟಕ್ಕ ಐತಿ?" ಎಂದು ಅವರೇ ಮತ್ತೆ ಕೇಳಿದರು.

ಮೂರು ದಿನ ನಡೆದ ದಾರಿಯನ್ನು ಬಸ್ಸು ಮುನವಳ್ಳಿ ಹಾದು ಒಂದೆರಡು ತಾಸಿನಲ್ಲಿ ಹಿಂದಕ್ಕೆ ಸುತ್ತಿಬಿಟ್ಟಿತು. ಹೊರಟ ಜಾಗದಲ್ಲೇ ಮತ್ತೆ ಇಳಿದರು. ಎಳೆಬಿಸಿಲು. ಗುಡ್ಡದ ನೆತ್ತಿಯಿಂದ ದನಿ ಬಂತು: ಕಟೀತ್ತರ್, ಕಟೀತ್ತರ್, ಕಟೀತ್ತರ್!

ಶೀತಲರ ಮುಖ ಅರಳಿತು. ಗಡಬಡಿಸಿ ಬುಕ್ಕು ತೆಗೆದು 'ಒಂದು' ಎಂದು ಬರೆದರು.

"ಅದನ್ನ ಬರೀಬ್ಯಾಡ್ರಿ ಅಕ್ಕಾರ," ಎಂದ ಪರಸಪ್ಪ. "ಅಡವಿ ಹಕ್ಕಿ ನಾಕು ಸಲ ಕೂಗಿ ಜಾಗಾ ಬದಲಿ ಮಾಡತೇತಿ. ಇದು ಒಂದ ಜಾಗಾದಾಗ ಕುಂತು ಒದರಾಕ ಹತ್ತೇತಿ. ಪಂಜರದ ಹಕ್ಕಿ ಇದು."

ಶೀತಲ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

ಹತ್ತಿದರು. ಬಾರಿಕಂಟಿಯ ನಡುವೆ ಮೊಳದೆತ್ತರದ ಬಿದಿರಿನ ಪಂಜರ, ಮೇಲೆ ಮಾಸಿದ ಬಟ್ಟೆ. ಸುತ್ತ ನೆಲಕ್ಕೆ ಗೂಟ ಹೊಡೆದು ಬಿಗಿದ ಉರುಲುಗಳ ಬೇಲಿ. ಕೂಗು ಕೇಳಿ ಜಗಳಕ್ಕೆಂದು ಓಡಿಬರುವ ಹಕ್ಕಿಯ ಕೊರಳೋ ಕಾಲೋ ಅದರಲ್ಲಿ ಸಿಗಲೇಬೇಕು. ಪಕ್ಕದ ಕಲ್ಲಿನ ಮೇಲೆ ಒಂದು ಮೋಟುಬೀಡಿ. ಇನ್ನೂ ಹೊಗೆಯಾಡುತ್ತಿತ್ತು.

"ಓಡಿದ ಮಗಾ," ಎಂದು ಭಾಗೀರಥಿ ಹಲ್ಲು ಕಡಿದಳು. ಫೋಟೋ ಹೊಡೆದು, ಉರುಲು ಕಿತ್ತು ಚೀಲಕ್ಕೆ ತುಂಬಿದಳು. "ನಡೀರಿ, ಪಂಜರಾ ಕಚೇರಿಗೆ ಒಯ್ಯೂಣು."

"ಒಯ್ದ್ರ ಏನಂತಾರ? ಪರಸಪ್ಪನ ಸರಹದ್ದಿನಾಗ ಪರಸಪ್ಪನ ಕೈಯಾಗ ಪಂಜರಾ ಸಿಕ್ತು ಅಂತಾರ." ಪರಸಪ್ಪ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಬಾಗಲಾ ತಗೀತೇನಿ ತಂಗಿ."

"ಹುಚ್ಚು ಹಿಡದೈತೇನ್ರಿ? ಹಕ್ಕಿ ಹೋದ್ರ ಕೇಸೂ ಹೋತು, ನಿಮ್ಮ ಬಿಲ್ಲೇನೂ ಹೋತು!"

"ರೆಕ್ಕಿ ಕತ್ತರಿಸ್ಯಾರ, ಹಾರೂದಿಲ್ಲ. ದಿನಾ ಗೆದ್ದಲ ತಿನ್ನಾಕ ಯಜಮಾನನ ಹಿಂದ ನಡದ ದಾರಿ ಅದಕ್ಕ ಗೊತ್ತಿರತೇತಿ. ಹುತ್ತದಿಂದ ಹುತ್ತಕ್ಕ ಹೊಂಟು ಮನಿ ಮುಟ್ಟತೇತಿ."

"ಕಂಟಿ ಹೊಕ್ಕರ?"

"ಹೊಕ್ಕರ ನನ್ನ ಹಣೇಬರಹ."

ಭಾಗೀರಥಿ ಶೀತಲರನ್ನು ನೋಡಿದಳು. ಶೀತಲ ತಲೆಯಾಡಿಸಿದರು. ಪರಸಪ್ಪ ಬಾಗಿಲು ಎತ್ತಿದ.

ಕೌಜುಗ ಹೊರಬಂತು. ಮೈ ಕೊಡವಿತು. ಮೂವರನ್ನೂ ಒಂದು ಸಲ ನೋಡಿ, ಸಂತೆಗೆ ಹೊರಟ ಮುದುಕಿಯಂತೆ ಪುಟುಪುಟು ನಡೆಯತೊಡಗಿತು.

ಮೊದಲ ಹುತ್ತದ ಬಳಿ ನಿಂತಿತು. ಕಲ್ಲನ್ನು ಕುಕ್ಕಿತು. ಹಿಂದಿರುಗಿ ಪರಸಪ್ಪನನ್ನು ದಿಟ್ಟಿಸಿತು. ಅವನು ಬಗ್ಗಿ ಕಲ್ಲೆತ್ತಿದ. ಗೆದ್ದಲು ಗಿಜಿಗಿಜಿ ಎಂದವು. ಹಕ್ಕಿ ತಿಂದಿತು, ಹೊರಟಿತು. ಪರಸಪ್ಪ ಕಲ್ಲು ಮುಚ್ಚಿ ಹಿಂದೆ ನಡೆದ. ನಲವತ್ತು ವರ್ಷದ ಮೇಲೆ ಕೈಗೆ ಆ ಅಭ್ಯಾಸ ತಾನಾಗಿ ಬಂದದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಮೂರನೆಯ ಹುತ್ತದಾಚೆ ದಾರಿ ಕೊರಕಲಿನ ಕಡೆಗೆ ತಿರುಗಿತು. ಒಂದೇ ಹೆಜ್ಜೆ ಹಿಡಿಯುವಷ್ಟು ಅಗಲದ ಕಲ್ಲಿನ ಅಂಚು. ಎಡಕ್ಕೆ ಅರವತ್ತು ಅಡಿ ಕೆಳಗೆ ನದಿ. ಬಲಕ್ಕೆ ಗೋಡೆಯಂಥ ಬಂಡೆ. ತಲೆಯ ಮೇಲೆ ಮುಂಚಾಚಿದ ಕಲ್ಲಿಗೆ ಐದು ಹೆಜ್ಜೇನಿನ ಹುಟ್ಟುಗಳು ಕರ್ರಗೆ ಜೋತುಬಿದ್ದಿದ್ದವು.

ಪರಸಪ್ಪ ತುಟಿಯ ಮೇಲೆ ಬೆರಳಿಟ್ಟ.

ಹಕ್ಕಿ ಮುಂದೆ. ಹಿಂದೆ ಪರಸಪ್ಪ, ಶೀತಲ, ಖಾಲಿ ಪಂಜರ ಹೊತ್ತ ಭಾಗೀರಥಿ. ಬೆನ್ನನ್ನು ಬಂಡೆಗೆ ಆನಿಸಿ ಅಡ್ಡಡ್ಡ ಸರಿದರು. ಕಾಲಡಿಯ ಹರಳು ಜಾರಿ ಕೆಳಗೆ ಬಿತ್ತು. ನೀರಿಗೆ ಬಿದ್ದ ಸದ್ದು ಬರಲು ತಡವಾಯಿತು.

ನಟ್ಟನಡುವೆ ಭಾಗೀರಥಿಯ ಫೋನು ರಿಂಗಾಯಿತು.

ಜೇನಿನ ಪರದೆ ಅಲುಗಿತು. ಗುಂಯ್ ಎಂಬ ದನಿ ಕೊರಕಲು ತುಂಬಿತು.

"ಕುಂದರ್ರಿ!"

ಪರಸಪ್ಪ ಕಂಬಳಿ ಕೊಡವಿ ಮೂವರ ಮೇಲೂ ಎಳೆದ. ಒಬ್ಬರ ಮೈಗೊಬ್ಬರು ಒತ್ತಿಕೊಂಡರು. ಭಾಗೀರಥಿ ಕತ್ತಲಲ್ಲಿ ತಡಕಾಡಿ ಫೋನಿನ ಬಾಯಿ ಮುಚ್ಚಿದಳು. ಕಂಬಳಿಯ ಮೇಲೆ ಆಲಿಕಲ್ಲು ಬಿದ್ದಂತೆ ಜೇನು ಬಿದ್ದವು. ಒಂದು ಶೀತಲರ ಕಿವಿಗೆ ಕಚ್ಚಿತು. ಎರಡು ಪರಸಪ್ಪನ ಕುತ್ತಿಗೆಗೆ. ಯಾರೂ ಕದಲಲಿಲ್ಲ. ಕದಲಿದರೆ ಕೆಳಗೆ ನದಿ.

"ಯಾರ ಫೋನು?" ಶೀತಲ ಪಿಸುಗುಟ್ಟಿದರು.

"ಸಾಹೇಬ್ರದು. ಸಿಕ್ಕನೇನು ಅಂತ ಕೇಳಾಕ ಮಾಡಿರಬೇಕು."

"ನಾವು ಸಿಕ್ಕೇವಿ ಅಂತ ಹೇಳು," ಎಂದ ಪರಸಪ್ಪ. ಉರಿಯುವ ಕುತ್ತಿಗೆಯಲ್ಲೂ ಮೂವರಿಗೂ ನಗು ಬಂತು. ನಗುವ ಹಾಗಿರಲಿಲ್ಲ.

ಅರ್ಧ ತಾಸು ಹಾಗೇ ಕುಳಿತರು. ಗುಂಯ್‌ಗುಡುವುದು ಇಳಿಯಿತು. ಕಂಬಳಿ ಹೊದ್ದುಕೊಂಡೇ ತೆವಳಿ ಆಚೆ ದಾಟಿದರು. ಪರಸಪ್ಪನ ಮೊಣಕಾಲು ಮಡಚಲಾರದಷ್ಟು ಬಾತಿತ್ತು. ಮುಂದೆ ನೋಡಿದರೆ ಹಕ್ಕಿ ಇಲ್ಲ.

ಕಂಟಿ ಕಂಟಿ ಹುಡುಕಿದರು. ಭಾಗೀರಥಿ ಪಂಜರವನ್ನು ನೆಲಕ್ಕೆ ಕುಕ್ಕಿದಳು. ಪರಸಪ್ಪ ಅಂಗಿಯ ಮೇಲಿನ ಬಿಲ್ಲೆಗೆ ಕೈ ಹಾಕಿ ಪಿನ್ನು ಬಿಚ್ಚತೊಡಗಿದ. ಸಾಹೇಬರು ಕೇಳುವ ಮೊದಲೇ ಕೊಟ್ಟುಬಿಟ್ಟರಾಯಿತು.

ಟಕ್. ಟಕ್. ಟಕ್.

ಇಳಿಜಾರಿನ ಹುತ್ತದ ಬುಡದಲ್ಲಿ ಕೌಜುಗ ಕಲ್ಲು ಕುಕ್ಕುತ್ತಿತ್ತು. ಇಷ್ಟು ಹೊತ್ತೂ ಅಲ್ಲೇ ನಿಂತಿತ್ತು. ಕಲ್ಲೆತ್ತಲು ಮನುಷ್ಯ ಬರಲಿ ಎಂದು ಕಾಯುತ್ತಿತ್ತು.

"ನಮ್ಮವ್ವ!" ಎಂದಳು ಭಾಗೀರಥಿ. "ನಮಗಿಂತ ಇದ ಶಾಣ್ಯಾ ಐತಿ."

ಇನ್ನೆರಡು ಹುತ್ತ. ಆಮೇಲೆ ಕುಸುಬಿ ಹೊಲದ ಬದು. ಬದುವಿನ ಕೊನೆಗೆ ತಗಡಿನ ಮನೆ. ಅಂಗಳದಲ್ಲಿ ಒಬ್ಬ ಮುದುಕ ಪುಂಡಿನಾರು ಹೊಸೆಯುತ್ತ ಕುಳಿತಿದ್ದ. ಹೊಸೆಯುತ್ತಿದ್ದನೆಂದರೂ ಗುಡ್ಡ ಸುತ್ತುಹಾಕಿ ಆಗಷ್ಟೇ ಬಂದವನಂತೆ ಎದೆ ಏದುತ್ತಿತ್ತು; ಧೋತರದ ತುಂಬ ಗುಡ್ಡದ ಒರಟು ಹುಲ್ಲಿನ ಮುಳ್ಳು. ಪರಸಪ್ಪ ಗುರುತು ಹಿಡಿದ. ಜಟ್ಟೆಪ್ಪ. ಅಪ್ಪನ ಹಿಂದೆ ಪಂಜರ ಹೊತ್ತು ತಿರುಗುತ್ತಿದ್ದವನು.

"ಬರ್ರಿ ಬರ್ರಿ," ಎಂದ ಜಟ್ಟೆಪ್ಪ. "ಏನ ಈ ಕಡೆ?"

"ಈ ಹಕ್ಕಿ ಯಾರದು?" ಭಾಗೀರಥಿ ಕೇಳಿದಳು.

"ಯಾವ ಹಕ್ಕಿ? ನನಗೇನ ಗೊತ್ತವ್ವ? ಅಡವ್ಯಾಗ ಸಾವಿರ ಇರತಾವು."

ಕೌಜುಗ ಅಂಗಳ ದಾಟಿ ನೇರ ಅವನ ಬಳಿಗೆ ಹೋಯಿತು. ಪಾದ ಹತ್ತಿ ನಿಂತು ಮೇಲೆ ನೋಡಿತು. ಕುರ್ ಕುರ್ ಎಂದಿತು.

"ಹುಶ್! ನಡಿ ಆಕಡೆ!" ಜಟ್ಟೆಪ್ಪ ಕಾಲು ಝಾಡಿಸಿದ. ಅದು ಕೆಳಗೆ ಬಿತ್ತು, ಮತ್ತೆ ಹತ್ತಿತು. ಅವನು ಎದ್ದು ನಿಂತು ಒದೆಯಲು ಕಾಲೆತ್ತಿದ.

ಹಕ್ಕಿ ಓಡಲಿಲ್ಲ. ಎತ್ತಿದ ಕಾಲಿನ ಕೆಳಗೇ ಕತ್ತು ಚಾಚಿ ನಿಂತಿತ್ತು.

ಕಾಲು ಹಾಗೇ ನಿಂತಿತು. ಒದ್ದಿದ್ದರೆ ಅವನು ಗೆದ್ದಿದ್ದ. ಮುದುಕ ಮೆಲ್ಲಗೆ ಕಾಲು ಇಳಿಸಿದ, ಬಗ್ಗಿದ, ಹಕ್ಕಿಯನ್ನು ಎತ್ತಿ ಎದೆಗೆ ಹಿಡಿದುಕೊಂಡ.

"ತತ್ತಿ ಒಡದಾಗಿಂದ ಜ್ವಾಪಾನ ಮಾಡೇನಿ," ಎಂದ ನೆಲ ನೋಡುತ್ತ. "ಬಾಗಲದ ಹಿಂದಿನ ಪೆಟ್ಟಿಗ್ಯಾಗ ಹನ್ನೊಂದು ಅದಾವ. ಧಾಬಾದವರು ಸಂಜಿಗೆ ಬಂದು ಒಯ್ತಾರ. ಬರಕೋರಿ."

ಪರಸಪ್ಪ ಅವನೆದುರು ನಿಂತ. "ಅರ್ಜಿ ಬರದಾಂವ ನೀನ ಏನು?"

"ನಾ ಎಲ್ಲಿ ಸಾಲಿ ಕಲ್ತೇನಿ? ಬರಸೇನಿ, ನಿನ್ನ ಕಾವಲ ತಪ್ಪಲಿ ಅಂತ." ಜಟ್ಟೆಪ್ಪ ತಲೆಯೆತ್ತಿದ. "ನಿಮ್ಮಪ್ಪನ ವಿದ್ಯಾ ಪರಶ್ಯಾ. ನೀ ಬಿಟ್ಟಿ, ನಾ ಹಿಡದೆ. ಸಿಟ್ಟು ಮಾಡಬ್ಯಾಡ."

"ಬಿಡಾಕ ನನಗೂ ಭಾಳ ದಿನ ಹಿಡೀತು," ಎಂದ ಪರಸಪ್ಪ.

ಪಂಚನಾಮೆ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಜೀಪು ಬಂತು. ಜಟ್ಟೆಪ್ಪ, ಪೆಟ್ಟಿಗೆ, ಉರುಲಿನ ಚೀಲ, ಭಾಗೀರಥಿ ಹತ್ತಿದ ಮೇಲೆ ಅದರಲ್ಲಿ ಜಾಗವಿರಲಿಲ್ಲ; ದೀವದ ಹಕ್ಕಿಯ ಪಂಜರವನ್ನು ಪರಸಪ್ಪ ಬಸ್ಸಿನಲ್ಲಿ ಒಯ್ಯಬೇಕಾಯಿತು. ಭಾಗೀರಥಿ ಕಿಟಕಿಯಿಂದ ಕೂಗಿದಳು, "ಕಾಕಾ, ಸಾಹೇಬ್ರು ಸೋಮವಾರ ಡ್ಯೂಟಿಗೆ ಬಾ ಅಂದಾರ! ಬಿಲ್ಲೆ ಹಚ್ಕೊಂಡು!" ಒಳಗಿಂದ ಜಟ್ಟೆಪ್ಪನ ದನಿಯೂ ಬಂತು: "ಅದಕ್ಕ ನೀರು ಚಿಪ್ಪಿನ್ಯಾಗ ಇಡು. ತಾಟಿನ್ಯಾಗ ಕುಡಿಯೂದಿಲ್ಲ."

ಅಣೆಕಟ್ಟಿನ ಬಳಿ ಬೈಲಹೊಂಗಲದ ಬಸ್ಸು ನಿಂತಿತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಕಂಡಕ್ಟರ್ ಪಂಜರ ನೋಡಿದ.

"ಕೋಳಿಗೂ ಟಿಕೀಟ ಐತಿ ಯಜಮಾನ್ರ."

"ಕೋಳಿ ಅಲ್ಲಪಾ. ಸಾಕ್ಷಿ."

"ಹಂಗಾರ ಪೂರಾ ಟಿಕೀಟ."

ಪರಸಪ್ಪ ನಗುತ್ತ ಮೆಟ್ಟಿಲ ಬಳಿಯ ಕಲ್ಲಿನ ಮೇಲೆ ಕುಳಿತು ಮೊಣಕಾಲು ನೀವಿಕೊಂಡ. ಶೀತಲರ ಕಿವಿ ಬದನೆಕಾಯಿಯಂತೆ ಬಾತಿತ್ತು. ಪಂಜರದೊಳಗಿನ ಹಕ್ಕಿ ಕತ್ತೆತ್ತಿ ಕೂಗಿತು: ಕಟೀತ್ತರ್, ಕಟೀತ್ತರ್.

ಶೀತಲ ಕದಲಲಿಲ್ಲ. ಆ ಕೂಗು ಲೆಕ್ಕಕ್ಕಿಲ್ಲ.

ಆಮೇಲೆ ಕೊರಕಲಿನ ಆಚೆಯಿಂದ, ಬಹಳ ದೂರದಿಂದ, ತೆಳ್ಳಗೆ ಒಂದು ಉತ್ತರ ಬಂತು. ನಾಲ್ಕು ಸಲ ಕೂಗಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಬೇರೆ ಕಡೆಯಿಂದ ಮತ್ತೆ ಕೂಗಿತು.

ಶೀತಲ ಪರಸಪ್ಪನ ಮುಖ ನೋಡಿದರು.

"ಬರ್ಕೋರಿ ಅಕ್ಕಾರ," ಎಂದ ಅವನು. "ಅದು ಅಡವೀದು."

ಶೀತಲ ಬುಕ್ಕು ತೆರೆದರು. ಬೆಳಿಗ್ಗೆ ಅಡ್ಡಗೆರೆ ಎಳೆದಿದ್ದ ಜಾಗದ ಪಕ್ಕದಲ್ಲಿ 'ಒಂದು' ಎಂದು ಬರೆದರು.