ಐನೂರ ಐವತ್ತಮೂರನೇ ಪುಟ

"ನನ್ನ ಮಾತಿಗೆ ಕತ್ತರಿ ಹಾಕಿದವರು ನೀವೇನಾ?"

ಗ್ರಂಥಾಲಯದ ಹಿಂದಿನ ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ನಿಂತು ಗುಡುಗಿದವನ ಕೈಯಲ್ಲಿ ಪುಸ್ತಕವಿತ್ತು. ಅವಳ ಕೈಯಲ್ಲಿ ಗೋಂದಿನ ಕುಂಚ.

ಆ ಗ್ರಂಥಾಲಯದ ಪದ್ಧತಿಯೇ ಹಾಗೆ. ಪ್ರತಿ ಪುಸ್ತಕದ ಕೊನೆಗೆ ಗೆರೆ ಎಳೆದ ಒಂದು ಹಾಳೆ. ಓದಿದವರು ಅನ್ನಿಸಿದ್ದನ್ನು ಬರೆದು, ಕೆಳಗೆ ಕಾರ್ಡ್ ನಂಬರ್ ಹಾಕಬೇಕು. ಪುಸ್ತಕದ ಅಂಚು ಸಮ ಮಾಡುವಾಗ ನಾನೂರ ಹನ್ನೆರಡನೇ ನಂಬರಿನವನ ಕೊನೆಯ ಸಾಲು ಅವಳ ಕತ್ತಿಗೆ ಸಿಕ್ಕಿ ಹೋಗಿತ್ತು.

"ಅಂಚಿನವರೆಗೂ ಬರೆದರೆ ಇನ್ನೇನಾಗುತ್ತೆ? ಅಷ್ಟೊಂದು ಮಾತಿದ್ರೆ ನೀವೇ ಒಂದು ಪುಸ್ತಕ ಬರೀಬೇಕಿತ್ತು!"

ಅವನು ದಂಗಾದ. ಆಮೇಲೆ ಅವಳ ಮುಖವನ್ನೇ ದಿಟ್ಟಿಸಿ ನೋಡಿದ.

"ಕಣ್ಣು ಕಿರಿದು ಮಾಡಿ ನೋಡ್ತೀರಿ. ನನ್ನ ಸಾಲು ಹೋಗಿದ್ದು ಅದಕ್ಕೇ. ಕನ್ನಡಕದ ಅಂಗಡಿ ನಂದು, ಬನ್ನಿ."

ಅವಳನ್ನು ಎಲ್ಲರೂ ಗೋಂದಮ್ಮ ಅನ್ನುತ್ತಿದ್ದರು. ಹಾಗೆ ಕರೆಯದವನು ಅವನೊಬ್ಬನೇ. ಅವಳಿಗೆ ಕನ್ನಡಕ ಬಂತು. ಬುಧವಾರಗಳು ಬಂದವು. ಅಂಗಡಿಗೆ ರಜೆಯಿದ್ದ ಆ ದಿನ ಅವನು ಬೈಂಡಿಂಗ್ ಕೋಣೆಯ ಸ್ಟೂಲಿನ ಮೇಲೆ ಕೂತು ಅವಳು ಹೊಲಿಯುವುದನ್ನು ನೋಡುತ್ತಿದ್ದ. ಒಂದು ವರ್ಷ ಹೀಗೇ ಕಳೆದ ಮೇಲೆ ಕೇಳಿಯೇಬಿಟ್ಟ.

"ಮದುವೆ ಆಗೋಣ್ವಾ?"

ಅವಳ ಕೈಯ ಸೂಜಿ ನಿಂತಿತು. ಹೂಂ ಅನ್ನುವ ಆಸೆ ನಾಲಿಗೆ ತುದಿಯಲ್ಲೇ ಇತ್ತು. ಆದರೆ... ಆ ಬೆಳಗಿನ ವಿಷಯ ಗೊತ್ತಾದರೆ?

ಏಳು ವರ್ಷ ಹೊಡೆದ ಗಂಡ. ಆಮೇಲೆ ಲಕ್ವ ಹೊಡೆದು ಹಾಸಿಗೆ ಹಿಡಿದ. ಎರಡು ವರ್ಷ ಅವನ ಮೈ ಒರೆಸಿ, ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದಳು. ಒಂದು ಬೆಳಿಗ್ಗೆ, ಮೈದುನನ ಮನೆಯಲ್ಲಿ ಅವನನ್ನು ಮಲಗಿಸಿ, ಚಪ್ಪಲಿ ಮೆಟ್ಟಿ ಹೊರಟವಳು ತಿರುಗಿ ಹೋಗಲಿಲ್ಲ. ಮೂರು ತಿಂಗಳಿಗೆ ಅವನು ಸತ್ತ. ಸ್ವಂತ ಅಕ್ಕನೇ ಹೇಳಿದ್ದಳು, "ಮಲಗಿದ ಗಂಡನ್ನ ಬಿಟ್ಟು ಬಂದವಳು, ನನ್ನ ಹೊಸ್ತಿಲು ತುಳೀಬೇಡ."

"ಮೊದಲು ಒಂದು ಪುಸ್ತಕ ಓದಿ. ಆಮೇಲೆ ಹೇಳ್ತೀನಿ," ಅಂದಳು ಗೋಂದಮ್ಮ. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವರು ಪುಸ್ತಕ ಕೊಡುತ್ತಾರೆ, ನೋಡಿ!

ಅದೊಂದು ಹಳೆಯ ರಷ್ಯನ್ ಕಾದಂಬರಿ, ಇಟ್ಟಿಗೆ ಗಾತ್ರದ್ದು. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು, ಸುರಿಯುವ ಹಿಮದಲ್ಲಿ ಗಾಡಿ ಹತ್ತುವ ಹೆಂಗಸಿನ ಕಥೆ. ಕೊನೆಗೆ ಅವಳು ಮರಳಿ ಬರುತ್ತಾಳೆ, ಗಂಡನ ಸೇವೆ ಮಾಡುತ್ತಾಳೆ. ಹಿಂದಿನ ಓದುಗರು ಹಾಳೆಯ ತುಂಬ ಜಗಳವಾಡಿದ್ದರು. "ಹೆಸರುಗಳನ್ನು ನೆನಪಿಡುವುದರಲ್ಲೇ ಅರ್ಧ ಆಯುಷ್ಯ ಮುಗಿಯಿತು." "ಇವಳ ಜಾಗದಲ್ಲಿ ನಾನಿದ್ದರೆ ಮೊದಲನೇ ಅಧ್ಯಾಯದಲ್ಲೇ ಹೊರಡುತ್ತಿದ್ದೆ." "ನಮ್ಮ ಅತ್ತೆಗೆ ಓದಿಸಿದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ."

ಬೆನ್ನು ಮುರಿದಿದ್ದ ಆ ಪುಸ್ತಕವನ್ನು ಅವಳು ಎರಡು ಭಾಗ ಮಾಡಿದಳು. ಎರಡಕ್ಕೂ ಒಂದೇ ನೀಲಿ ರಟ್ಟು. ಓದುಗರ ಹಳೆಯ ಹಾಳೆ ಎರಡನೆಯದರ ಜೊತೆ ಹೋಯಿತು. ಕೈಗೆ ರೂಢಿಯಾಗಿದ್ದರಿಂದ ಮೊದಲನೆಯದಕ್ಕೂ ಒಂದು ಹೊಸ ಹಾಳೆ ಅಂಟಿಸಿದಳು. ಹೊಂಬಣ್ಣದ ಅಕ್ಷರ ಒತ್ತುವವನು ಬರುವುದು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಇರಲಿ ಅಂತ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು ಅಂತ ಬರೆದು, ಕನ್ನಡಕದವನ ಹೆಸರಿಗೆ ಕೌಂಟರಿನಲ್ಲಿ ಇಟ್ಟಳು.

ಹದಿನೈದು ದಿನಕ್ಕೆ ಪುಸ್ತಕ ಹಿಂದಿರುಗಿತು. ಬಂದದ್ದು ಒಂದೋ ಎರಡೋ ಎಂದೂ ನೋಡದೆ ನೇರ ಕೊನೆಯ ಹಾಳೆ ತೆರೆದಳು.

"ಮುಗಿಸಿದೆ. ಮಲಗಿದ ಮನುಷ್ಯನನ್ನು ಬಿಟ್ಟು ಹೋದವಳಿಗೆ ಕ್ಷಮೆಯಿಲ್ಲ. ಇಂಥವಳ ಬಗ್ಗೆ ಇಷ್ಟು ದಪ್ಪ ಪುಸ್ತಕ ಯಾಕೆ? ೪೧೨."

ಮರಳಿ ಬಂದವಳಿಗೇ ಕ್ಷಮೆಯಿಲ್ಲ ಅಂದಮೇಲೆ ಬಾರದೇ ಹೋದ ನನಗೆ? ಅವಳು ಅಳಲಿಲ್ಲ. ಕನ್ನಡಕವನ್ನು ಕವರಿಗೆ ಹಾಕಿ, "ಇನ್ನು ಬರಬೇಡಿ" ಎಂದು ಬರೆದು ಕೌಂಟರಿನಲ್ಲಿ ಕೊಟ್ಟಳು.

ಅವನು ಎರಡು ಸಲ ಬಂದ. ಎರಡು ಸಲವೂ ಅವಳು ಕೋಣೆಯ ಚಿಲಕ ಹಾಕಿಕೊಂಡಳು. ಮೂರನೇ ಸಲ ಬರಲಿಲ್ಲ.

ಎರಡು ತಿಂಗಳು ಕಣ್ಣು ಕಿರಿದು ಮಾಡಿಕೊಂಡೇ ಹೊಲಿದಳು. ಸೂಜಿ ಬೆರಳಿಗೆ ಚುಚ್ಚಿದಾಗೆಲ್ಲ ಅವನನ್ನೇ ಬೈದಳು. ಒಂದು ದಿನ ಕೌಂಟರಿನ ಕಡೆಯಿಂದ ನಿವೃತ್ತ ಪೋಸ್ಟ್‌ಮಾಸ್ಟರರ ಕೂಗಾಟ ಕೇಳಿಸಿತು.

"ಏನಮ್ಮಾ ಇದು! ಶುರುವಾಗೋದೇ ಐನೂರ ಐವತ್ತಮೂರನೇ ಪುಟದಿಂದ! ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯೋಕೆ ಎರಡು ತಿಂಗಳು ಒದ್ದಾಡಿದೀನಿ. ರಷ್ಯಾದವರು ಕಥೆ ಹೇಳೋದೇ ಹಿಂಗಾ?"

ಗೋಂದಮ್ಮ ಓಡಿ ಬಂದಳು. ಅದೇ ನೀಲಿ ರಟ್ಟು!

"ಅಕ್ಕಾ... ಇದು ಇವರ ಹತ್ತಿರ ಹೇಗೆ ಬಂತು?"

"ಒಂದೇ ಪುಸ್ತಕದ ಎರಡು ಪ್ರತಿ ಇತ್ತಲ್ಲ," ಅಂದಳು ಕೌಂಟರ್ ಅಕ್ಕ. "ಕಾರ್ಡಿಗೆ ಒಂದೇ ಪುಸ್ತಕ ಅನ್ನೋದು ನಿಯಮ. ಕನ್ನಡಕದವರಿಗೆ ಒಂದು ಕೊಟ್ಟೆ, ಇನ್ನೊಂದು ಕಪಾಟಿಗೆ ಇಟ್ಟೆ."

"ಬೆನ್ನಿನ ಮೇಲೆ ಬರೆದಿದ್ದೆನಲ್ಲ!"

"ಆ ಸೀಮೆಸುಣ್ಣಾನಾ? ಗಲೀಜಾಗಿತ್ತು, ಒರೆಸಿಬಿಟ್ಟೆ."

ಅವನು ಓದಿದ್ದು ಅರ್ಧ ಕಥೆ! ಅರ್ಧ ಕಥೆಗೇ ತೀರ್ಪು ಕೊಟ್ಟ. ಅಯ್ಯೋ, ನಾನಾದರೂ ಮಾಡಿದ್ದೇನು? ಮೂರು ಸಾಲು ಓದಿ ಚಿಲಕ ಹಾಕಿಕೊಂಡೆ!

ಪುಸ್ತಕ ಎದೆಗವಚಿಕೊಂಡು ಅಂಗಡಿಗೆ ಹೋದಳು. ಅವನು ಗಾಜು ಉಜ್ಜುತ್ತಿದ್ದ. ತಲೆ ಎತ್ತಿದವನ ಮುಖದಲ್ಲಿ ನಗುವಿರಲಿಲ್ಲ.

"ಏನು ಬೇಕಿತ್ತು?"

ಗಿರಾಕಿಗೆ ಕೇಳುವ ಹಾಗೆ ಕೇಳಿದ.

"ನೀವು ಓದಿದ್ದು ಮೊದಲನೇ ಭಾಗ ಮಾತ್ರ. ಕಥೆ ಇನ್ನೂ ಇದೆ. ಅವಳು ವಾಪಸ್ ಬರ್ತಾಳೆ."

"ಬಂದ್ರೆ ಬರಲಿ. ಒಂದು ಪುಸ್ತಕಕ್ಕೋಸ್ಕರ ನನ್ನ ಮುಖಕ್ಕೆ ಬಾಗಿಲು ಹಾಕಿದ್ರಾ?"

ಪುಸ್ತಕ ಚಾಚಿದ ಅವಳ ಕೈ ಅರ್ಧಕ್ಕೇ ನಿಂತಿತು. ಇದನ್ನು ಕೊಟ್ಟು ಹೋದರೆ? ಅವನು ಓದುತ್ತಾನೆ, ಆ ರಷ್ಯನ್ ಹೆಂಗಸನ್ನು ಕ್ಷಮಿಸುತ್ತಾನೆ... ನನ್ನನ್ನಲ್ಲ. ಇನ್ನೆಷ್ಟು ದಿನ ಬೇರೆಯವಳ ಬೆನ್ನ ಹಿಂದೆ ಅಡಗಿಕೊಳ್ಳಲಿ?

"ನಾನೂ ಬಿಟ್ಟು ಬಂದವಳೇ. ಮಲಗಿದ್ದ ಗಂಡನ್ನ. ಅವಳು ವಾಪಸ್ ಹೋದ್ಲು, ನಾನು ಹೋಗಲಿಲ್ಲ. ಮೂರು ತಿಂಗಳಿಗೆ ಸತ್ತ. ನನ್ನ ಕಥೆಗೆ ಎರಡನೇ ಭಾಗ ಇಲ್ಲ... ಇಷ್ಟೇ."

ಹೊಡೆತಗಳನ್ನೂ ಹೇಳಿದಳು, ಎರಡು ವರ್ಷದ ಚಾಕರಿಯನ್ನೂ ಹೇಳಿದಳು. ಅಳದೇ ಹೇಳಿದಳು.

ಅವನು ಉಜ್ಜಿದ ಗಾಜನ್ನೇ ಮತ್ತೆ ಉಜ್ಜತೊಡಗಿದ.

"ಆ ಸಾಲು ನಾನು ಬರೆದದ್ದು ನಮ್ಮಮ್ಮನಿಗೆ," ಅಂದ ಕೊನೆಗೆ. "ಅಪ್ಪ ಹಾಸಿಗೆ ಹಿಡಿದಿದ್ರು. ನನಗೆ ಹನ್ನೊಂದು ವರ್ಷ. ಕಿಟಕೀಲಿ ನಿಂತು ನೋಡ್ತಾ ಇದ್ದೆ, ಅಮ್ಮ ಹೋಗಿಬಿಟ್ಲು. ಎಲ್ಲಿದ್ದಾಳೆ ಅಂತ ಆಮೇಲೆ ಗೊತ್ತಾಯ್ತು. ನಾನು ಹೋಗಲಿಲ್ಲ. ಹೋದ ವರ್ಷ ತೀರಿಕೊಂಡ್ಲಂತೆ."

ಗೋಂದಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡಿ," ಅಂದ. "ಆ ಬೆಳಿಗ್ಗೆ... ಒಂದು ಸಲನಾದ್ರೂ ಹಿಂದಕ್ಕೆ ತಿರುಗಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ನೋಡಿದ್ದರೆ ಹೋಗೋಕೆ ಆಗ್ತಿರಲಿಲ್ಲ."

ಅವನ ಕೈಯಿಂದ ಗಾಜು ಜಾರಿ ಮೇಜಿನ ಮೇಲೆ ಬಿತ್ತು.

"ಅಮ್ಮಾನೂ ತಿರುಗಿ ನೋಡಲಿಲ್ಲ," ಅಂದ. "ನಾನು ಅವಳಿಗೆ ಬೇಡವಾಗಿದ್ದೆ, ಅದಕ್ಕೇ ಅಂದ್ಕೊಂಡಿದ್ದೆ. ಇಷ್ಟು ವರ್ಷವೂ..."

ಅವಳು ಮೇಜು ಸುತ್ತಿ ಬಂದು ಅವನ ಪಕ್ಕ ನಿಂತಳು. ಅವನ ಅಮ್ಮ ಇನ್ನು ಬರುವ ಹಾಗಿಲ್ಲ, ಅವಳ ಗಂಡ ಬದುಕುವ ಹಾಗಿಲ್ಲ.

"ಕೋಪ ಪೂರ್ತಿ ಹೋಗಿಲ್ಲ," ಅಂದ ಅವನು. "ಅಮ್ಮನ ಮೇಲೂ, ಚಿಲಕ ಹಾಕಿದ ನಿಮ್ಮ ಮೇಲೂ."

"ಇರಲಿ. ಬುಧವಾರ ಆ ಕೋಪಾನೂ ತಗೊಂಡು ಬನ್ನಿ, ಸ್ಟೂಲು ಅಲ್ಲೇ ಇದೆ. ಮದುವೆ ವಿಷಯ ಇನ್ನೂ ಮನಸ್ಸಲ್ಲಿದ್ದರೆ... ನಂದು ಹೂಂ."

ಅವನು ಡ್ರಾಯರ್ ಎಳೆದ. ಅವಳು ವಾಪಸ್ ಕಳಿಸಿದ್ದ ಕವರು ಅಲ್ಲಿತ್ತು. ಕನ್ನಡಕ ತೆಗೆದು, ಒರೆಸಿ, ತಾನೇ ಅವಳ ಕಿವಿಗಳಿಗೆ ಸಿಕ್ಕಿಸಿದ.

"ಈಗ ಸರಿಯಾಗಿ ಕಾಣಿಸ್ತಿದೆಯಾ?"

"ನೀವು ಅಳ್ತಾ ಇರೋದು ಕಾಣಿಸ್ತಿದೆ."

"ಹಾಗಾದ್ರೆ ಕನ್ನಡಕದ ನಂಬರ್ ಬದಲಾಗಿಲ್ಲ ಬಿಡಿ."