ಆರೂವರೆ ಗ್ರಾಂ ಶಾವಿಗೆ

ರೂಪ ಡಬ್ಬದೊಳಗೆ ಕೈ ಹಾಕಿ ಹಾವನ್ನು ಎತ್ತಿಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಅವಳಿಗೆ ಮಾತ್ರ ಭಯವೇ ಇರಲಿಲ್ಲ. ಅದು ರಬ್ಬರಿನದು ಅಂದುಕೊಂಡಿದ್ದಳು.

ತಪ್ಪು ಅವಳದಲ್ಲ. ಎರಡು ವರ್ಷದ ಹಿಂದೆ ಭಾರತೀನಗರದ ಕಾಲೇಜಿನಲ್ಲಿ ಅವಳ ಬ್ಯಾಗಿಗೆ ರಬ್ಬರ್ ಹಾವು ಹಾಕಿದ್ದವನು ನಾನೇ. ಅವಳು ಕಿರುಚಿಕೊಂಡು ಬೆಂಚು ಹತ್ತಿದಳು, ನಾನು ವಿಡಿಯೋ ಮಾಡಿದೆ. ಅವಳ ಬಸ್ಸು ಊರು ಮುಟ್ಟುವ ಮೊದಲೇ ಆ ವಿಡಿಯೋ ಊರು ಮುಟ್ಟಿತ್ತು. ಅವತ್ತಿನಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. 'ಹೀರೋ ಎಂಟ್ರಿ ಕೊಟ್ರೆ ಧೂಳೂ ಎದ್ದು ನಿಂತ್ಕೋಬೇಕು' ಅಂತ ಕ್ಲಾಸಿನಲ್ಲಿ ಡೈಲಾಗ್ ಬಿಟ್ಟುಕೊಂಡು ಓಡಾಡುತ್ತಿದ್ದ ನನಗೆ, ಅವಳ ಸಿನಿಮಾದಲ್ಲಿ ನಾನು ವಿಲನ್ ಎಂದು ಗೊತ್ತಾದದ್ದು ತುಂಬ ತಡವಾಗಿ. ಅಷ್ಟರಲ್ಲಿ ನಾನು ಅವಳನ್ನು ಇಷ್ಟಪಡಲು ಶುರು ಮಾಡಿಯಾಗಿತ್ತು. ಟೈಮಿಂಗ್ ಅಂದರೆ ಇದು.

"ಇನ್ನೊಂದ್ ಸಲ ಕಿರುಚ್ತೀನಿ ಅಂದ್ಕಂಡ್ಯಾ?" ಹಾವನ್ನು ನನ್ನ ಮೂಗಿನ ಮುಂದೆ ಹಿಡಿದು ರೂಪ ಕೇಳಿದಳು. "ಫೋನ್ ಎಲ್ ಬಚ್ಚಿಟ್ಟಿದ್ದೀಯ? ಆನ್ ಮಾಡ್ಕೊ. ಚೆನ್ನಾಗ್ ಬರ್ಲಿ."

ಆಗ ಹಾವು ನಾಲಗೆ ಹೊರಗೆ ಹಾಕಿತು.

ದಾರದ ತುದಿಯಷ್ಟು ಸಣ್ಣ ನಾಲಗೆ. ಅವಳ ಹೆಬ್ಬೆರಳನ್ನು ಮುಟ್ಟಿ ಒಳಗೆ ಹೋಯಿತು. ರೂಪಾಳ ರೆಪ್ಪೆ ಒಂದು ಸಲ ಬಡಿಯಿತು, ಆಮೇಲೆ ಬಡಿಯಲೇ ಇಲ್ಲ. ಕುತ್ತಿಗೆಯ ಹತ್ತಿರ ಒಂದು ನರ ಎದ್ದಿತು. ನಾನು ಎರಡೂ ಕೈ ಕೆಳಗೆ ಚಾಚಿ, ಬಿದ್ದರೆ ಹಿಡಿಯೋಣವೆಂದು ನಿಂತೆ. ಹಾವನ್ನೋ ಅವಳನ್ನೋ, ಅದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ಕಿರುಚಲಿಲ್ಲ. ಹಾವನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದಳು. ಎರಡೂ ಪಕ್ಕೆಯಲ್ಲಿ ಚರ್ಮ ಮಡಿಚಿಕೊಂಡಿತ್ತು, ನಡುವೆ ಬೆನ್ನುಮೂಳೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

"ಇದ್ಕೆ ಊಟ ಹಾಕಲ್ವೇನ್ಲಾ ನೀನು?"

ಎರಡು ವರ್ಷದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಂಡ್ಯದಲ್ಲಿ ಶಿವಣ್ಣನ ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಗೆ ಕಾಗದಪತ್ರದ ಸಮೇತ ನಾಲ್ಕು ಕಾರ್ನ್ ಸ್ನೇಕ್ ಮರಿ ಬಂದವು. ಹೊರದೇಶದ ತಳಿ, ವಿಷವಿಲ್ಲ, ಸಾಕುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಮೂರು ಮಾರಾಟವಾದವು. ನಾಲ್ಕನೆಯದು ತಿಂದದ್ದನ್ನು ಕಕ್ಕಿ ಕಕ್ಕಿ ಒಣಗಿತು. ನನ್ನ ಅಂಗಡಿಯಲ್ಲಿ ಸಾಯುವುದು ಬೇಡ, ಎಲ್ಲಾದರೂ ತಗೊಂಡು ಹೋಗು ಎಂದು ಶಿವಣ್ಣ ಕೈಗೆ ಕೊಟ್ಟ. ಆರೂವರೆ ಗ್ರಾಂ ತೂಗುತ್ತಿತ್ತು. ಒಂದು ಎಳೆ ಒತ್ತುಶಾವಿಗೆಯಷ್ಟೂ ದಪ್ಪವಿರಲಿಲ್ಲ. ಅದಕ್ಕೇ ಶಾವಿಗೆ ಎಂದು ಹೆಸರಿಟ್ಟೆ.

ಜನವರಿಯ ಚಳಿಗೆ ಮೈ ಬೆಚ್ಚಗಿರದಿದ್ದರೆ ಹಾವಿನ ಹೊಟ್ಟೆಯಲ್ಲಿ ಊಟ ಅರಗುವುದಿಲ್ಲ. ನನ್ನ ರೂಮಿನಲ್ಲಿ ಕರೆಂಟು ಹೋದರೆ ಶಾವಿಗೆಯ ಕತೆ ಮುಗಿದ ಹಾಗೆ. ಹಗಲೂ ರಾತ್ರಿ ಒಂದೇ ಕಾವು, ಕತ್ತಲೆ, ಸದ್ದಿಲ್ಲದ ಜಾಗ ಇಡೀ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಯೋಚಿಸಿದಾಗ ಹೊಳೆದದ್ದು ಮಳವಳ್ಳಿ ರಸ್ತೆಯ ಈ ಚಾಕಿ ಮನೆ. ರೂಪ ಮತ್ತು ಅವಳಪ್ಪ ಬೋರಯ್ಯ ಇಲ್ಲಿ ರೇಷ್ಮೆ ಮೊಟ್ಟೆಗೆ ಕಾವು ಕೊಟ್ಟು, ಮರಿಹುಳುಗಳನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುತ್ತಾರೆ. ಹುಳು ಚರ್ಮ ಕಳಚುವುದಕ್ಕೆ ಇವರು ಜ್ವರ ಅನ್ನುತ್ತಾರೆ.

ಬೋರಯ್ಯ ಡಬ್ಬದೊಳಗೆ ಇಣುಕಿ ನೋಡಿ, ಹುಳದ ಮನೆ ಒಳಕ್ಕೆ ಮಾತ್ರ ಬಿಡಬೇಡ ಎಂದು ಮಗಳಿಗೆ ಹೇಳಿ ಸೊಪ್ಪು ತರಲು ಹೋದರು. ಅಷ್ಟೇ. ನಾನು ಮೂರು ಪುಟದ ಡೈಲಾಗ್ ರೆಡಿ ಮಾಡಿಕೊಂಡು ಬಂದಿದ್ದೆ.

ರೂಪ ಖಾಲಿಯಿದ್ದ ಮೊಟ್ಟೆ ಕೋಣೆಯಲ್ಲಿ ಶಾವಿಗೆಗೆ ಜಾಗ ಕೊಟ್ಟಳು. ನನಗೆ ಕೊಡಲಿಲ್ಲ. ಹೊರಗಿನ ಚಪ್ಪಲಿ, ಹೊರಗಿನ ಕೈ, ಹೊರಗಿನ ಬಾಯಿ, ಮೂರೂ ಒಳಗೆ ಬರುವ ಹಾಗಿಲ್ಲವೆಂದಳು. ಬಾಯಿ ಅನ್ನುವಾಗ ನನ್ನ ಬಾಯನ್ನೇ ನೋಡಿದಳು. ಬೈದಳೋ ಏನೋ ಗೊತ್ತಿಲ್ಲ, ನಾನು ಮಂಡ್ಯದ ತನಕ ತುಟಿ ಒರೆಸಿಕೊಳ್ಳುತ್ತಾ ಹೋದೆ.

ಐದೈದು ದಿನಕ್ಕೊಮ್ಮೆ ಅಂಗಡಿಯಿಂದ ಐಸ್ ಹಾಕಿದ ಫ್ಲಾಸ್ಕಿನಲ್ಲಿ, ಹೆಪ್ಪುಗಟ್ಟಿಸಿದ ಕಣ್ಣು ಬಿಡದ ಇಲಿಮರಿ ತಂದು ಕೊಡುವುದು ನನ್ನ ಕೆಲಸ. ಅದನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ತಿನ್ನಿಸಿ, ಎರಡು ದಿನ ಮುಟ್ಟದೆ ಬಿಟ್ಟು, ಆಮೇಲೆ ಹುಳುವಿನ ಔಷಧಿ ಪುಡಿ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗುವುದು ಅವಳ ಕೆಲಸ. ಹುಳು ಕೆಡಿಸುವ ಊಜಿ ನೊಣ ಒಳಗೆ ಬಾರದ ಹಾಗೆ ಬಾಗಿಲಿಗೆ ಕಟ್ಟಿದ ಬಲೆಯ ಈಚೆ ನಾನು ನಿಂತಿರುತ್ತಿದ್ದೆ. ಬಲೆಯ ಸಣ್ಣ ಸಣ್ಣ ಚೌಕದಲ್ಲಿ ಅವಳ ಮುಖ ಚೂರು ಚೂರಾಗಿ ಕಾಣುತ್ತಿತ್ತು. ಒಂದು ಚೌಕದಲ್ಲಿ ಕಣ್ಣು. ಇನ್ನೊಂದರಲ್ಲಿ ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಮತ್ತೊಂದರಲ್ಲಿ ನಗುವಿನ ಅರ್ಧ. ಉಳಿದರ್ಧ ಯಾವ ಚೌಕದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಹೋಗಿಬಿಡುತ್ತಿತ್ತು.

ಅವಳಿಂದ ನನಗೆ ಬರುತ್ತಿದ್ದ ಮೆಸೇಜು ಬರೀ ಅಂಕಿ. 6.5. ಆಮೇಲೆ 6.9. 'ತೂಕ ಏರುತ್ತಿರುವುದು ಹಾವಿನದ್ದಲ್ಲ, ನನ್ನ ಎದೆಯದ್ದು' ಎಂದು ನಾನು ಉತ್ತರಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇನ್ನೊಂದು ದಿನ ಬಂತು: '7.2. ಚಳಿ ಜಾಸ್ತಿ. ಸ್ವೆಟ್ರು ಹಾಕ್ಕೊ.' ನಾನು ಅಂಗಡಿಯ ಮೀನುಗಳ ಮುಂದೆ ನಿಂತು ಅದನ್ನು ಹನ್ನೊಂದು ಸಲ ಓದಿದೆ. ಶಿವಣ್ಣನಿಗೂ ತೋರಿಸಿದೆ. ಇದು ಪ್ರೀತಿಯೋ, ಬರೀ ಹವಾಮಾನ ವರದಿಯೋ ಎಂದು ಕೇಳಿದೆ. ಮೊದಲು ಟ್ಯಾಂಕಿನ ನೀರು ಬದಲಾಯಿಸು ಎಂದ.

ಮುಂದಿನ ಸಲ ಸ್ವೆಟರ್ ಹಾಕಿಕೊಂಡೇ ಹೋದೆ. ಅವಳು ನೋಡಿದಳು. ಹಣೆಯ ಮೇಲಿನ ಕೂದಲು ಸರಿಸುವ ನೆಪದಲ್ಲಿ ಮತ್ತೊಮ್ಮೆ ನೋಡಿದಳು. ನನಗೆ ಚಳಿಯೂ ಆಗುತ್ತಿತ್ತು, ಬೆವರೂ ಬರುತ್ತಿತ್ತು.

ಆಮೇಲೆ ಶಾವಿಗೆ ಊಟ ಬಿಟ್ಟಿತು.

ಇಲಿಮರಿಯನ್ನು ಮೂಗಿನ ಹತ್ತಿರ ಹಿಡಿದರೆ ತಲೆ ತಿರುಗಿಸಿತು. ಐದು ದಿನ ಬಿಟ್ಟು ಹಿಡಿದರೂ ಅಷ್ಟೇ. ಕಿತ್ತಳೆ ಬಣ್ಣ ಬೂದಿಯಾಯಿತು. ಕಣ್ಣಿಗೆ ಹಾಲಿನ ಪೊರೆ ಬಂದ ಹಾಗೆ ನೀಲಿ ಮುಚ್ಚಿಕೊಂಡಿತು. 6.8 ಬಂತು. 6.5 ಬಂತು. ಶುರು ಮಾಡಿದ ಜಾಗಕ್ಕೇ ವಾಪಸ್ಸು ಬಂದು ನಿಂತಿದ್ದೆವು. ಇನ್ನೂ ಇಳಿದರೆ ಉಳಿಯುವುದಿಲ್ಲ, ಬಾಯಿ ಬಿಡಿಸಿ ಒಳಗೆ ತಳ್ಳು ಎಂದು ಶಿವಣ್ಣ ಹೇಳಿಕೊಟ್ಟ. ನಾನು ಅಂಗಡಿಯ ಸಣ್ಣ ಇಕ್ಕಳ ಜೇಬಿಗೆ ಹಾಕಿಕೊಂಡು ಹೋದೆ.

ರೂಪ ಬಾಗಿಲಿಗೆ ಅಡ್ಡ ನಿಂತಳು.

"ಬುಡಲ್ಲ ನಾನು."

"ಕಣ್ ಓಯ್ತಾ ಅದೆ ಕಣಮ್ಮಿ ಅದ್ಕೆ. ಸತ್ತೋಯ್ತದೆ."

"ಕಣ್ಣೂ ಓಗಿಲ್ಲ, ಏನೂ ಓಗಿಲ್ಲ. ಜ್ವರಕ್ಕೆ ಕೂತದೆ."

ಇವಳ ತಲೆಯಲ್ಲಿ ರೇಷ್ಮೆ ಬಿಟ್ಟು ಬೇರೇನಿಲ್ಲವೇ ಎಂದು ನನಗೆ ಸಿಟ್ಟು ಬಂತು. ಹುಳ ಬೇರೆ, ಹಾವು ಬೇರೆ ಎಂದೆ. ಬೇರೆಯೇ, ಆದರೆ ಚರ್ಮ ಬಿಡುವ ಜೀವ ಎರಡೂ ಎಂದಳು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಕಲ್ಲಾಗುತ್ತದಂತೆ, ಮೈ ಮಂಕಾಗುತ್ತದಂತೆ. ಆಗ ಒಂದು ಎಲೆ ಹಾಕಿದರೂ ಕೆಡುಕು. ಹೊಸದಾಗಿ ಸಾಕುವವರು ಹೆದರಿಕೊಂಡು ಆಗಲೇ ಸೊಪ್ಪು ಸುರಿದು ಸಾಯಿಸುತ್ತಾರಂತೆ. ಶಾವಿಗೆಯ ಡಬ್ಬದಲ್ಲಿ ಅವಳು ಒದ್ದೆ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ, ಮುಟ್ಟುವುದನ್ನೂ ನಿಲ್ಲಿಸಿದ್ದಳು.

"ಆಗ್ಲಿಲ್ಲಾಂದ್ರೆ?" ಎಂದೆ.

ಇಕ್ಕಳ ಕೊಡು ಎಂದು ಅವಳು ನನ್ನ ಜೇಬಿನ ಕಡೆ ಕೈ ಚಾಚಿದಳು. "ನೀನ್ ತಂದ್ ಕೊಟ್ಟಾಗ ನಿಜಾನೋ ಸುಳ್ಳೋ ಅಂತ ನಂಗೂ ಗೊತ್ತಿರ್ನಿಲ್ಲ ಸ್ವಾಮಿ. ಆದ್ರೂ ಒಳಿಕ್ಕೆ ತಕಂಡೆ. ಈಗ ನಾಕ್ ದಿನ ನೀನು ನನ್ನ ನಂಬು."

ನಂಬಿಕೆ ಬಂದು ಇಕ್ಕಳ ಕೊಟ್ಟೆನೋ, ಅವಳು ಸ್ವಾಮಿ ಎಂದು ನನ್ನ ಹೆಸರು ಹಿಡಿದು ಕರೆದದ್ದಕ್ಕೆ ಕೊಟ್ಟೆನೋ, ದೇವರಾಣೆಗೂ ಗೊತ್ತಿಲ್ಲ. ತಂದಿದ್ದ ಇಲಿಮರಿಯ ಫ್ಲಾಸ್ಕನ್ನೂ ಅಲ್ಲೇ ಮರೆತು ಬಸ್ಸು ಹತ್ತಿದೆ.

ಆ ನಾಲ್ಕು ದಿನ ಮೀನಿಗೆ ಹಕ್ಕಿಯ ಕಾಳು ಹಾಕಿದೆ, ಹಕ್ಕಿಗೆ ಮೀನಿನ ಪುಡಿ ಹಾಕಿದೆ. ಶಿವಣ್ಣ ಬೈದದ್ದಕ್ಕೆ ಲೆಕ್ಕವಿಲ್ಲ. ಅವಳನ್ನು ನಂಬಿ ಶಾವಿಗೆಯನ್ನು ಕೊಂದೆನೇ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ನಂಬದೆ ಹೋಗಿದ್ದರೆ ಅವಳನ್ನು ಕಳೆದುಕೊಳ್ಳುತ್ತಿದ್ದೆನೇ ಎಂದು ಸಂಜೆ ಅನ್ನಿಸುತ್ತಿತ್ತು. ಅವಳು ನನ್ನವಳೇ ಅಲ್ಲವಲ್ಲ, ಕಳೆದುಕೊಳ್ಳುವುದು ಏನನ್ನು ಎಂದು ಮಲಗುವಾಗ.

ಐದನೇ ದಿನ ಹನ್ನೊಂದು ಗಂಟೆಗೆ ಒಂದು ಫೋಟೋ ಬಂತು. ಅಂಕಿ ಇಲ್ಲ, ಮಾತಿಲ್ಲ. ಡಬ್ಬದ ತಳದಲ್ಲಿ ಶಾವಿಗೆ ಬಿದ್ದಿತ್ತು. ಬಣ್ಣವಿಲ್ಲ. ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಚಪ್ಪಟೆ.

ನಾನು ಅಂಗಡಿಯ ಬಾಗಿಲು ಹಾಕದೆ ಓಡಿದೆ. ಮದ್ದೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಮಳವಳ್ಳಿಯದು. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತೇಬಿಟ್ಟಿತು. ಪಕ್ಕದ ಸೀಟಿನ ಹೆಂಗಸು ಯಾರು ಹೋದರಪ್ಪ ಎಂದು ಕೇಳಿದರು. ಹಾವು ಅನ್ನಲು ಬಾಯಿ ಬರಲಿಲ್ಲ. ಮನೆಯವರೇ ಎಂದೆ. ಆಕೆ ಸೆರಗಿನ ತುದಿ ಕಣ್ಣಿಗೆ ಹಚ್ಚಿಕೊಂಡರು, ಅದನ್ನು ನೋಡಿ ನನಗೆ ಇನ್ನೂ ಅಳು ಬಂತು.

ರೂಪ ಚಾಕಿ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ದೂರದಿಂದ ಅವಳ ಕೆನ್ನೆಯಲ್ಲಿ ನಗು ತುಂಬಿಕೊಂಡಿರುವುದು ಕಂಡಿತು. ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿದಳು. ನಗು ಅಲ್ಲೇ ನಿಂತುಹೋಯಿತು.

"ಲೇ, ಅತ್ಕಂಡ್ ಬಂದ್ಯಾ?"

ನಾನು ತಲೆ ಆಡಿಸಿದೆ.

"ಅದು ಬರೀ ಪೊರೆ ಕಣ್ಲಾ. ಒಳ್ಗೆ ಚೆನ್ನಾಗದೆ. ಸುಮ್ಕೆ ಒಂದ್ ಗಳ್ಗೆ ಎದ್ರುಸಾನ ಅಂತ ಕಳ್ಸ್ದೆ." ಅವಳ ದನಿ ಸಣ್ಣದಾಯಿತು. "ಎರ್ಡ್ ವರ್ಸದಿಂದ ಕಾಯ್ತಿದ್ದೆ, ನಿಂಗೂ ಹಿಂಗೇ ಒಂದ್ ಸಲ ಮಾಡ್ಬೇಕು ಅಂತ. ಮಾಡುದ್ರೆ ಕುಸಿ ಆಯ್ತದೆ ಅಂದ್ಕಂಡಿದ್ದೆ."

"ಆಗ್ಲಿಲ್ವಾ?"

"ಇಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಬೆಂಚಿನ ಮೇಲೆ ನಿಂತ ರೂಪ ನೆನಪಾದಳು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡವಳು. ಅವತ್ತು ನಾನು ಅವಳ ಕಣ್ಣು ನೋಡಿರಲೇ ಇಲ್ಲ, ಫೋನಿನ ಸ್ಕ್ರೀನು ನೋಡುತ್ತಿದ್ದೆ.

"ನಂದು ತಪ್ಪಾಯ್ತು ರೂಪ," ಎಂದೆ. "ಆ ವಿಡಿಯೋ ಎಲ್ಲೆಲ್ಲಿ ಓಯ್ತೋ ನಂಗೂ ಗೊತ್ತಿಲ್ಲ. ವಾಪಸ್ ತರಕ್ಕಾಗಲ್ಲ."

ಅವಳು ಕೆಳಗಿಳಿದು ಬಂದು, ಕೈಕಾಲು ತೊಳೆದುಕೋ ಎಂದು ಬಕೆಟ್ಟು ತೋರಿಸಿದಳು. ಸೋಂಕು ಒಳಗೆ ಬಾರದ ಹಾಗೆ ಸುಣ್ಣದ ಪುಡಿ ತುಳಿಸಿದಳು. ಆಮೇಲೆ ಬಲೆ ಎತ್ತಿ ಹಿಡಿದಳು.

ಒಳಗೆ ಬೆಚ್ಚಗಿತ್ತು, ಅರೆಗತ್ತಲೆ. ಶಾವಿಗೆ ಡಬ್ಬದ ಮೂಲೆಯಲ್ಲಿತ್ತು. ಈಗ ತಾನೇ ಬಣ್ಣ ಹಚ್ಚಿದ ಹಾಗೆ ಕಿತ್ತಳೆ, ಕಣ್ಣು ಸಾಸಿವೆ ಕಾಳಿನ ಹಾಗೆ ಕಪ್ಪಗೆ, ತಿಳಿಯಾಗಿ. ತಲೆ ಎತ್ತಿ ಗಾಳಿ ನೆಕ್ಕಿ ನೋಡುತ್ತಿತ್ತು. ಜ್ವರ ಎದ್ದ ಹುಳುವಿನ ಹಸಿವು ಹೀಗೇ ಇರುತ್ತದೆ ಎಂದಳು ರೂಪ. ಓಡಿ ಬರುವ ಗಡಿಬಿಡಿಯಲ್ಲಿ ನಾನು ಊಟವನ್ನೇ ತಂದಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಒಂದು ಐಸ್‌ಕ್ರೀಮ್ ಡಬ್ಬ ತಂದಳು. ನಾನು ಮರೆತುಹೋಗಿದ್ದ ಇಲಿಮರಿ ನಾಲ್ಕು ದಿನದಿಂದ ಅವಳ ಮನೆಯ ಫ್ರಿಜ್ಜಿನ ಐಸ್ ಖಾನೆಯಲ್ಲಿತ್ತು. ಅಪ್ಪನಿಗೆ ಹೇಳಬೇಡ, ಅವರು ಆ ಡಬ್ಬ ತೆಗೆಯುತ್ತೀನಿ ಅಂದಾಗಲೆಲ್ಲ ಏನೇನೋ ಸುಳ್ಳು ಹೇಳಿದ್ದೀನಿ ಎಂದಳು.

ಬೆಚ್ಚಗೆ ಮಾಡಿದ ಮರಿಯನ್ನು ಇಕ್ಕಳದಲ್ಲಿ ಹಿಡಿದು ಅವಳು ಬಗ್ಗಿದಳು. ಅಲುಗಾಡಬೇಡ, ಮಾತಾಡಬೇಡ ಎಂದು ಕಣ್ಣಿನಲ್ಲೇ ಹೇಳಿದಳು. ಶಾವಿಗೆ ನೋಡಿತು. ತಲೆ ಹಿಂದೆ ಎಳೆದುಕೊಂಡಿತು. ಮರುಕ್ಷಣ ಅದು ಮುಂದಕ್ಕೆ ಚಿಮ್ಮಿ ಕಚ್ಚಿ ಹಿಡಿಯಿತು.

ಆಮೇಲೆ ಹದಿನೈದು ನಿಮಿಷ. ಸಣ್ಣ ಸದ್ದಾದರೂ ಅದು ಊಟ ಬಿಟ್ಟು ಓಡಿಹೋಗಬಹುದು. ನಾವಿಬ್ಬರೂ ನೆಲದ ಮೇಲೆ ಪಕ್ಕಪಕ್ಕ ಮಂಡಿಯೂರಿ ಉಸಿರು ಹಿಡಿದು ಕೂತಿದ್ದೆವು. ಅವಳ ತೋಳು ನನ್ನ ಸ್ವೆಟರಿಗೆ ತಾಗುತ್ತಿತ್ತು. ಸರಿದುಕೊಂಡರೆ ಸದ್ದಾಗುತ್ತದೆ. ಅದಕ್ಕೇ ಸರಿಯಲಿಲ್ಲವೋ, ಸರಿಯುವುದು ಬೇಡ ಎಂದೇ ಸರಿಯಲಿಲ್ಲವೋ, ಅವಳ ಮುಖ ನೋಡಿದರೂ ಗೊತ್ತಾಗಲಿಲ್ಲ. ಅವಳ ಮೈಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ಶಾವಿಗೆಯ ದವಡೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನಡೆಯುತ್ತಿತ್ತು. ಇಲಿಮರಿ ಅರ್ಧ ಹೋದಾಗ ರೂಪಾಳ ಕಿರುಬೆರಳು ಬಂದು ನನ್ನ ಕಿರುಬೆರಳಿನ ಮೇಲೆ ಕೂತಿತು.

ಬಾಲವೂ ಒಳಗೆ ಹೋಯಿತು. ಶಾವಿಗೆಯ ಹೊಟ್ಟೆಯಲ್ಲಿ ಒಂದು ಪುಟ್ಟ ಗುಂಡು ಎದ್ದಿತು. ಅವಳು ಮುಚ್ಚಳ ಹಾಕಿದಳು, ಬೆರಳು ಮಾತ್ರ ತೆಗೆಯಲಿಲ್ಲ.

"ಇದು ಯಾಕೆ ಅಂತ ಯೋಳು," ಎಂದೆ, ಬೆರಳು ತೋರಿಸಿ. "ನಂಗೆ ಏನೂ ತಿಳೀತಾ ಇಲ್ಲ. ಮೂರ್ ವಾರದಿಂದ ತಿಳೀತಾ ಇಲ್ಲ. ನೀನಂದ್ರೆ ನಂಗೆ ಇಷ್ಟ, ಅದೊಂದೇ ಗೊತ್ತಿರೋದು."

"ಯಾವ್ ಸಿನ್ಮಾದ್ದು?"

"ಯಾವ್ದೂ ಅಲ್ಲ. ನಂದೇ."

ಅವಳು ಆ ಮಾತನ್ನು ತೂಗಿ ನೋಡುವವಳ ಹಾಗೆ ನನ್ನ ಮುಖ ನೋಡಿದಳು. ಹೊರಗೆ ಬೋರಯ್ಯನವರ ಗಾಡಿ ಬಂದು ನಿಂತ ಸದ್ದಾಯಿತು, ಸೊಪ್ಪಿನ ಹೊರೆ ಇಳಿಸಲು ಮಗಳನ್ನು ಕೂಗಿದರು.

"ಬಾ," ಎಂದು ಎದ್ದಳು. "ಒಂದ್ ಹೊರೆ ನೀನ್ ಎತ್ಕೊ."

"ಅಂದ್ರೆ? ನೀನೂ ಒಪ್ಕಂಡ್ಯಾ?"

"ಇನ್ನೂ ಬುಡಿಸಿ ಯೋಳ್ಬೇಕೇನ್ಲಾ ನಿಂಗೆ?" ಎಂದು ರೂಪ ಕೈ ಹಿಡಿದೇ ಎಳೆದಳು. ಅಪ್ಪ ಕಾಣುವ ಬಾಗಿಲು ಬರುವವರೆಗೂ ಬಿಡಲಿಲ್ಲ.