ಎಲ್ಲರಿಗಿಂತ ಮೊದಲು ರಿಟರ್ನ್ ತುಂಬಿದವ

ಫೌಜದಾರ ಮಾನಪ್ಪ ಹತ್ತಿ ಜಿನ್ನಿನ ಗೋದಾಮಿಗೆ ಬಂದಾಗ ಪೀರಬಿಯನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಎಡಗೈಗೆ ಹಗ್ಗ ಬಿಗಿದಿತ್ತು. ಬಲಗೈಗೆ ಹಗ್ಗದ ಅಗತ್ಯ ಬಿದ್ದಿರಲಿಲ್ಲ. ಅದರ ಬೆರಳುಗಳನ್ನು ಮುರಿದಿದ್ದರು.

"ಯಾರು ಮಾಡಿದ್ದು ಇದು?"

ಜಿನ್ನಿನ ಇಬ್ಬರು ಕಾವಲುಗಾರರು ನೆಲ ನೋಡಿದರು. ಮ್ಯಾನೇಜರ್ ರೇವಣಪ್ಪ ಮಾತ್ರ ಕೈ ಮುಗಿದು ಮುಂದೆ ಬಂದ.

"ನಮ್ಮಾಕಿ ಕೊರಳಾನ ಬೋರಮಾಳ ಕಳವಾಗೇತ್ರಿ ಸಾಹೇಬ್ರ. ಬಂಗಾರದ್ದು. ಟ್ರಂಕಿನ್ಯಾಗಿತ್ತು. ನಮ್ಮ ಮನ್ಯಾಗ ಕಸಾ ಹೊಡ್ಯಾಕಿ, ರೊಟ್ಟಿ ಬಡ್ಯಾಕಿ ಇಕಿ ಒಬ್ಬಾಕಿನ. ಬ್ಯಾರೆ ಯಾರು ಒಳಗ ಬರ್ತಾರ?"

"ಕಳವಾದ್ರ ಠಾಣೇಕ ಬರಬೇಕು. ಬೆರಳ ಮುರಿಯೂದು ಯಾವ ಕಾಯ್ದೇದಾಗ ಐತಿ?"

"ಹುಡುಗೂರು ಸಿಟ್ಟಿನ್ಯಾಗ ಏನೋ ಮಾಡ್ಯಾರ್ರಿ. ನಾ ಬ್ಯಾಡ ಅಂತನ ಅನ್ನಾಕತ್ತಿದ್ದೆ."

ರೇವಣಪ್ಪನ ಮಾತಿಗೆ ಮುದ್ದೇಬಿಹಾಳದಲ್ಲಿ ಎದುರು ಮಾತಿರಲಿಲ್ಲ. ಊರಿನ ಅಡತಿ ವ್ಯಾಪಾರಿಗಳು ಇನ್‌ಕಮ್ ಟ್ಯಾಕ್ಸಿನ ರಿಟರ್ನನ್ನು ಗಡುವು ಮುಗಿಯುವ ದಿನ, ಔಡಲೆಣ್ಣೆ ಕುಡಿದ ಮುಖ ಮಾಡಿಕೊಂಡು ತುಂಬುವವರು. ಈತ ಮಾತ್ರ ಏಪ್ರಿಲ್ ಮೊದಲ ವಾರವೇ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆ ಬಾಚಿಕೊಂಡು ವಿಜಾಪುರದ ಬಸ್ಸು ಹತ್ತುವವ. ಸರಕಾರದ ಋಣ ಒಂದು ದಿನವೂ ಇಟ್ಟುಕೊಳ್ಳದ ಮನುಷ್ಯ ಎಂದು ಜನ ಹೊಗಳುತ್ತಿದ್ದರು. ಇಷ್ಟೊಂದು ಹೊಗಳಿಸಿಕೊಳ್ಳುವವರನ್ನು ಕಂಡರೆ ಮಾನಪ್ಪನಿಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಆದರೆ ಮೈ ಉರಿದ ಮಾತ್ರಕ್ಕೆ ಯಾರನ್ನೂ ಹಿಡಿಯಲು ಬರುವುದಿಲ್ಲ.

ಅವನು ಹಗ್ಗ ಬಿಚ್ಚಿಸಿ ಪೀರಬಿಯ ಮುಂದೆ ಕುಳಿತ.

"ನೀ ತಗೊಂಡಿಯೇನವಾ?"

"ಇಲ್ರಿ ಸಾಹೇಬ್ರ. ನಂದು ನಾಕ ಮನಿ ರೊಟ್ಟಿ ಬಡಿಯೂ ಬಾಳೇವು. ಕಳ್ಳಿ ಅಂತ ಹೆಸರ ಬಂದ್ರ ಯಾರು ಹೊಸ್ತಿಲ ತುಳಿಸ್ತಾರ್ರಿ?"

"ಬಡಿವಾಗ ಏನು ಕೇಳಿದ್ರು?"

"ಎಲ್ಲಿಟ್ಟಿ ಅಂತ ಕೇಳಿದ್ರು. ಯಾರಿಗೆ ತೋರಿಸಿದಿ ಅಂತ ಕೇಳಿದ್ರು. ಒಂದೊಂದ ಸಲ ಕೇಳಿ ಒಂದೊಂದ ಬೆರಳ..."

ಮಾನಪ್ಪ ಅವಳನ್ನು ಸರಕಾರಿ ದವಾಖಾನೆಗೆ ಕಳಿಸಿದ. ಅಷ್ಟರಲ್ಲಿ ರೇವಣಪ್ಪ ಫಿರ್ಯಾದಿ ಬರೆದುಕೊಟ್ಟಿದ್ದ, ಮರುದಿನ ಅವಳನ್ನು ಕೋರ್ಟಿಗೆ ಒಯ್ಯಲೇಬೇಕು. ಒಮ್ಮೆ ಒಯ್ದರೆ ಮುಂದೆ ಬಿಡುಗಡೆಯಾದರೂ ಒಂದೇ, ಆಗದಿದ್ದರೂ ಒಂದೇ. ಗಂಡ ಸತ್ತ ಹೆಂಗಸನ್ನು ಕೋರ್ಟಿನ ಮೆಟ್ಟಿಲ ಮೇಲೆ ನೋಡಿದ ಊರು ಮತ್ತೆ ತನ್ನ ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ.

"ಅಕಿ ಮನಿ ಝಡತಿ ಮಾಡೂಣ ನಡೀರಿ," ಎಂದ ರೇವಣಪ್ಪ. "ನಾನೂ ಬರ್ತೇನಿ."

ಪೀರಬಿಯದು ಒಂದೇ ಕೋಣೆಯ ಮನೆ. ಫೌಜದಾರ ಬಾಗಿಲಲ್ಲಿ ನಿಂತ. ಹುಡುಕಿದವನು ಫಿರ್ಯಾದಿದಾರ. ಹಾಸಿಗೆ ಜಾಡಿಸಿದ, ಚಾಪೆ ಎತ್ತಿದ, ಎರಡು ಸೀರೆಗಳ ಮಡಿಕೆಗಳನ್ನು ಬಿಚ್ಚಿ ಬಿಚ್ಚಿ ನೋಡಿದ. ಕನ್ನಡಿಯ ಹಿಂದೆ ಬೆರಳು ತೂರಿಸಿದ. ಗೋಡೆಯ ಮೇಲಿನ ಮಕ್ಕಾದ ಪಟ ಇಳಿಸಿ ಅದರ ಹಿಂದಿನ ರಟ್ಟನ್ನೂ ಕಿತ್ತ.

ಹವಾಲ್ದಾರ ಹಾಜಿಮಲಂಗ ಮೂಲೆಗೆ ಹೋಗಿ ಅಲ್ಲಿದ್ದ ನಾಲ್ಕು ಜೋಳದ ಗಡಿಗೆಗಳಲ್ಲಿ ಒಂದರ ಮುಚ್ಚಳ ತೆಗೆದ.

"ಅದರಾಗೇನ ಇರ್ತೈತಿ ಬಿಡ್ರಿ ಹವಾಲ್ದಾರ್ರ," ಎಂದ ರೇವಣಪ್ಪ ತಿರುಗಿ ಕೂಡ ನೋಡದೆ. ಒಲೆಯ ಬೂದಿ ಕೆದರುವುದರಲ್ಲಿ ಅವನಿಗೆ ಪುರುಸೊತ್ತಿರಲಿಲ್ಲ.

ಬೋರಮಾಳ ಸಿಗಲಿಲ್ಲ. ಹೊರಗೆ ಬರುವಾಗ ಮಾನಪ್ಪ ಹವಾಲ್ದಾರನ ಮುಖ ನೋಡಿದ. ಹವಾಲ್ದಾರ ಕೈಗೆ ಹತ್ತಿದ ಜೋಳದ ಧೂಳು ಒರೆಸಿಕೊಂಡ.

ಜಿನ್ನಿಗೆ ಅಂಟಿಕೊಂಡೇ ಮ್ಯಾನೇಜರನ ಮನೆ. ರೇವಣಪ್ಪನ ಹೆಂಡತಿ ಶಂಕ್ರೆವ್ವ ನೀರು ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ಗಂಡನನ್ನು ಪಂಚನಾಮೆಗೆ ಸಹಿ ಹಾಕುವ ನೆಪದಲ್ಲಿ ಠಾಣೆಗೆ ಕಳಿಸಿಯಾಗಿತ್ತು.

"ಬೋರಮಾಳ ಕಡೀಕ ಯಾವಾಗ ನೋಡಿದ್ರಿ ತಂಗಿ?"

"ಮಗಳು ಬ್ಯಾನಿ ಬಿದ್ದಾಗರಿ. ತೆಗದು ಕೈಯಾಗ ಹಿಡಕೊಂಡು ಕುಂತಿದ್ದೆ."

ಅವರ ಒಬ್ಬಳೇ ಮಗಳು ತಿಪ್ಪವ್ವ ಹೋದ ಚಳಿಗಾಲದಲ್ಲಿ ವಿಷಮಜ್ವರದಿಂದ ತೀರಿಕೊಂಡಿದ್ದು ಮಾನಪ್ಪನಿಗೆ ಗೊತ್ತಿತ್ತು. ಮಣ್ಣಿಗೂ ಹೋಗಿದ್ದ.

"ಮಾರಲಿಲ್ಲೇನು ಆವಾಗ?"

"ಮಾರಾಕ ಬಿಡಲಿಲ್ರಿ. ಮನೆತನದ್ದು ಅಂದ್ರು. ಮಿರಜಿಗೆ ಒಯ್ಯಿರಿ ಅಂತ ಡಾಕ್ಟರು ಹೇಳಿದ್ರು. 'ಅರ್ಧಾ ಪಗಾರ ಟ್ಯಾಕ್ಸಿಗೆ ಹೋಗ್ತೈತಿ, ಸರಕಾರ ನನ್ನ ಕೈಯಾಗ ಕೊಡೂದರೊಳಗ ಕಡದ ಬಿಡ್ತೈತಿ, ರೊಕ್ಕ ಎಲ್ಲಿಂದ ತರ್ಲಿ' ಅಂದ್ರು. ಹನ್ನೊಂದ ದಿನಾ ಮಲಗಿದ್ಳು ಕೂಸು."

ಅಳಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾನಪ್ಪ ಜಿನ್ನಿನ ಕಚೇರಿಗೆ ನಡೆದ. ಪಗಾರದ ಲೆಕ್ಕ ನೋಡುವ ಸಂಗಣ್ಣ ಎದ್ದು ಕುರ್ಚಿ ಕೊಟ್ಟ.

"ನಿಮ್ಮ ಮ್ಯಾನೇಜರಗ ಅರ್ಧಾ ಪಗಾರ ಟ್ಯಾಕ್ಸ್ ಬೀಳ್ತೈತೇನು?"

"ಎಲ್ಲೀದ್ರಿ! ಹೆಂಡ್ತಿ ಮಕ್ಕಳು ಇದ್ದವರಿಗೆ ಸರಕಾರ ಒಂದಿಷ್ಟು ಬಿಡ್ತೈತಿ. ವಿಮಾ ಕಟ್ಟಿದ್ದಕ್ಕೂ ಬಿಡ್ತೈತಿ. ಕಾಯ್ದೇಶೀರ ಹಿಡದ್ರ ಅವರಿಗೆ ಬೀಳೂದು ಅಲ್ಪ ಸ್ವಲ್ಪ."

"ಮತ್ತ ಕಡಿಯೂದೆಷ್ಟು?"

ಸಂಗಣ್ಣ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಅವರು ಹೇಳಿದಷ್ಟ ಕಡೀತೇನ್ರಿ. 'ನಾ ಹೆಂಡ್ತಿ ಮಕ್ಕಳಿಲ್ಲದ ಒಂಟಿ ಮನುಷ್ಯಾ ಅಂತ ಹಿಡಿ. ವಿಮಾ ಲೆಕ್ಕಕ್ಕ ಹಿಡೀಬ್ಯಾಡ. ಅದರ ಮ್ಯಾಲ ಇನ್ನಷ್ಟ ಕಡಿ' ಅಂತ ತಾವ ಬಂದು ಹೇಳ್ತಾರ್ರಿ. ಯಾಕ್ರಿ ಅಂತ ಒಂದ ಸಲ ಕೇಳಿದ್ನಿ. ಸರಕಾರದ ಹಂತೇಕ ಇದ್ರ ಭದ್ರ ಇರ್ತೈತಿ ಅಂದ್ರು. ದೊಡ್ಡ ಮನುಷ್ಯಾರು, ಮತ್ತ ಕೇಳಾಕ ಹೋಗಲಿಲ್ಲ."

"ಮಗಳು ಸಾಯಾಕ ಬಿದ್ದ ತಿಂಗಳಾ?"

"ಆ ತಿಂಗಳಾನೂ ಕಡದೇನ್ರಿ," ಎಂದ ಸಂಗಣ್ಣ. ದನಿ ಇಳಿದಿತ್ತು.

ಅಲ್ಲಿಂದ ಫೌಜದಾರ ಸೀದಾ ಪೋಸ್ಟಿಗೆ ಹೋದ. ಅಂಚೆಯ ಕಾಸಿಂಸಾಬ ಚೀಲ ಹೆಗಲಿಗೇರಿಸಿ ಹೊರಡುವುದರಲ್ಲಿದ್ದ.

"ಈ ವಾರ ಜಿನ್ನಿನ ಮ್ಯಾನೇಜರ ಮನಿಗೆ ಏನಾರ ಬಂದಿತ್ತೇನು ಕಾಸಿಂಸಾಬ?"

"ರಜಿಸ್ಟರ ಪಾಕೀಟ ಬಂದಿತ್ರಿ, ವಿಜಾಪುರದ್ದು. ಪ್ರತಿ ವರ್ಷ ಅವರ ಇಲ್ಲಿಗೆ ಬಂದು ಒಯ್ತಿದ್ರು. ಮನಿಗೆ ಒಯ್ಯಬ್ಯಾಡ ಅಂತ ತಾಕೀತು. ಈ ಸಲ ಅವರು ಸಿಂದಗಿಗೆ ಹೋದವರು ಲಗೂನ ಬರಲಿಲ್ಲ. ಇಟಗೊಂಡು ಕುಂದ್ರೂದು ಯಾಕ ಅಂತ ಮನಿಗೆ ಹೋಗಿ ಬಾಯಾರ, ಶಂಕ್ರೆವ್ವನವರ ಕೈಯಾಗ ಕೊಟ್ಟೆ."

"ಓದಿ ಹೇಳಿದೇನು?"

"ಓದಾಕ ಬರಲಾರದವರು ಪಾಕೀಟ ಒಡದು ಕೈಗೆ ಕೊಟ್ರ ಓದಿ ಹೇಳೂದು ನಮ್ಮ ರೂಢಿ ಅಲ್ಲೇನ್ರಿ?" ಎಂದು ಕಾಸಿಂಸಾಬ ಗಾಬರಿಯಿಂದ ಅಂದ. "ತಪ್ಪಾತೇನ್ರಿ?"

"ನಿಂದೇನೂ ತಪ್ಪಿಲ್ಲ."

ಮರುದಿನ ಬೆಳಿಗ್ಗೆ ಮಾನಪ್ಪ ಎಲ್ಲರನ್ನೂ ಗೋದಾಮಿಗೆ ಕರೆಸಿದ. ಜಿನ್ನಿನ ಮಾಲೀಕ, ಸಂಗಣ್ಣ, ಕೂಲಿಯವರು, ಕಾವಲುಗಾರರು. ಪೀರಬಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಹತ್ತಿಯ ಅಂಡಿಗೆಯೊಂದಕ್ಕೆ ಒರಗಿ ಕುಳಿತಳು. ಶಂಕ್ರೆವ್ವ ಬಾಗಿಲ ಹತ್ತಿರ ನಿಂತಳು.

"ಕೋರ್ಟಿಗೆ ಹೊತ್ತಾತಲ್ರಿ ಸಾಹೇಬ್ರ?" ಎಂದ ರೇವಣಪ್ಪ.

"ಹೊಂಡೂಣು. ಮೊದಲ ಒಂದ ಮಾತು. ನಮ್ಮ ಸೀಮ್ಯಾಗ ಬಡವರ ಮನ್ಯಾಗ ಬಂಗಾರ ಎಲ್ಲಿ ಇಡ್ತಾರ ರೇವಣಪ್ಪ?"

ಹಿಂದಿನಿಂದ ಯಾರೋ ಕೂಲಿ ಹೆಂಗಸು ತಾನಾಗಿ ಉತ್ತರ ಕೊಟ್ಟಳು: "ಜೋಳದ ಗಡಿಗ್ಯಾಗರಿ."

"ಹೌದು. ಕೂಸಿಗೂ ಗೊತ್ತಿದ್ದ ಮಾತು. ನಿನ್ನೆ ಪೀರಬಿ ಮನ್ಯಾಗ ನಾಕ ಗಡಿಗಿ ಇದ್ದವು. ನೀವು ಒಂದ್ರಾಗೂ ಕೈ ಹಾಕಲಿಲ್ಲ. ಹವಾಲ್ದಾರ ಹಾಕಿದ್ರ ಬ್ಯಾಡ ಅಂದ್ರಿ. ಸೀರಿ ಮಡಿಕಿ ಬಿಚ್ಚಿದ್ರಿ, ಕನ್ನಡಿ ಹಿಂದ ಬೆರಳ ಹಾಕಿದ್ರಿ, ಪಟದ ರಟ್ಟ ಕಿತ್ತಿದ್ರಿ, ಬೂದಿ ಕೆದರಿದ್ರಿ. ಗೇಣುದ್ದ ಬೋರಮಾಳ ಕನ್ನಡಿ ಹಿಂದ ಹಿಡೀತೈತೇನು? ನೀವು ಹುಡುಕಿದ್ದು ಬಂಗಾರ ಅಲ್ಲ — ಕಾಗದ!"

ರೇವಣಪ್ಪನ ಮುಖದಲ್ಲಿ ನಗೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬಾಗಿಲ ಕಡೆ ಹೋಯಿತು.

"ಕದ್ದವರನ್ನ ಯಾರಿಗೆ ಮಾರಿದಿ ಅಂತ ಕೇಳ್ತಾರ. ಪೀರಬಿಗೆ ಕೇಳಿದ್ದು, ಯಾರಿಗೆ ತೋರಿಸಿದಿ ಅಂತ. ತೋರಿಸಿದ್ರ ಅಂಜುವಂಥಾ ಕಾಗದ ಯಾವುದದು? ಎಲ್ಲಾರೂ ಟ್ಯಾಕ್ಸಿನ ರಿಟರ್ನ್ ಕಡೀ ದಿನ ತುಂಬ್ತಾರ, ನೀವು ಏಪ್ರಿಲಿನ್ಯಾಗ ಓಡ್ತೀರಿ. ಪ್ರಾಮಾಣಿಕ ಮನುಷ್ಯಾ ಅಂತ ಊರು ತಿಳಕೊಂತು. ನಾನೂ ಹಂಗ ತಿಳಕೊಂಡಿದ್ದೆ. ಕೊಡಾಕ ಓಡೂ ಮನುಷ್ಯಾನ್ನ ನಾ ಇನ್ನೂ ನೋಡಿಲ್ಲ ರೇವಣಪ್ಪ. ಇಸಗೊಳ್ಳಾಕ ಓಡವರನ್ನ ದಿನಾ ನೋಡ್ತೇನಿ. ಹೆಂಡ್ತಿ ಮಕ್ಕಳಿಲ್ಲ ಅಂತ ಇಲ್ಲಿ ಹೇಳಿ ಪಗಾರದಾಗ ಹೆಚ್ಚು ಕಡಿಸೂದು. ಹೆಂಡ್ತಿ ಮಕ್ಕಳು ಅದಾರ ಅಂತ ವಿಜಾಪುರದಾಗ ಹೇಳಿ ಅದನ್ನ ತಿರುಗಿ ಇಸಗೊಳ್ಳೂದು. ಆ ರೊಕ್ಕದ ಕಾಗದ ರಜಿಸ್ಟರ ಪಾಕೀಟಿನ್ಯಾಗ ಬರ್ತೈತಿ, ಲಗೂ ತುಂಬಿದ್ರ ಲಗೂ ಬರ್ತೈತಿ. ಮನ್ಯಾಗ ಮಾತ್ರ ಸರಕಾರ ತಿಂತು ಅನ್ನೂದು!"

ಗೋದಾಮಿನಲ್ಲಿ ಗುಸುಗುಸು ಎದ್ದಿತು. ಮಾಲೀಕ ಅದನ್ನು ಸುಮ್ಮನಾಗಿಸಿದ.

"ನನ್ನ ಪಗಾರ, ನನ್ನ ರೊಕ್ಕ," ಎಂದ ರೇವಣಪ್ಪ. ಕೈ ಮುಗಿಯುವುದು ನಿಂತುಹೋಗಿತ್ತು. "ಮನಗೂಳ್ಯಾಗ ಹೊಲಾ ಹಿಡದೇನಿ. ಹೆಂಗಸರ ಕೈಯಾಗ ಕೊಟ್ರ ಉಳೀತಿತ್ತೇನು? ಇದು ಯಾವ ಕಾಯ್ದೇದಾಗ ಗುನ್ನೆ, ಹೇಳ್ರಿ."

"ಯಾವದ್ರಾಗೂ ಇಲ್ಲ. ಅದ ನನಗ ಸಂಕಟ. ಸುಳ್ಳ ಫಿರ್ಯಾದಿಗೆ ಐತಿ. ಬೆರಳ ಮುರಿಸಿದ್ದಕ್ಕ ಐತಿ. ಕಚೇರ್‍ಯಾಗಿನ ತಿಜೂರಿ ತೆಗಸ್ರಿ ಮಾಲೀಕರ. ಹೆಂಡ್ತಿ ಕೈ ಮುಟ್ಟಲಾರದ ಜಾಗಾ ಇವರಿಗೆ ಅದೊಂದ ಐತಿ."

ಸಂಗಣ್ಣ ತಿಜೂರಿ ತೆಗೆದ. ಒಂದು ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದರೆ ಬೋರಮಾಳ. ಹಾಜಿಮಲಂಗ ರೇವಣಪ್ಪನ ರಟ್ಟೆ ಹಿಡಿದ.

"ಕಾಗದ ಎಲ್ಲಿ?" ಎಂದು ರೇವಣಪ್ಪ ಚೀರಿದ. "ಕದ್ದಿದ್ದು ಖರೆ ಐತಲ್ಲ! ಕದ್ದವರ ಹೆಸರ ಹೇಳ್ರಿ!"

ಮಾನಪ್ಪನಿಗೆ ಆ ಹೆಸರು ಹೇಳುವ ಮನಸ್ಸಿರಲಿಲ್ಲ. ಹೇಳದಿದ್ದರೆ ಪೀರಬಿಯ ಮೇಲಿನ ಸಂಶಯ ಪೂರಾ ಹೋಗುವುದಿಲ್ಲ. ಅವನು ಬಾಗಿಲ ಕಡೆ ತಿರುಗಿದ.

"ತಂಗಿ, ಪಾಕೀಟ ಗ್ವಾಡಿ ಮಾಡದಾಗ ಇಟ್ಟಿದ್ದೆ, ಪೀರಬಿ ಕಸಾ ಹೊಡದು ಹೋದ ಮ್ಯಾಲ ಕಾಣಲಿಲ್ಲ ಅಂತ ನೀವ ಹೇಳಿರಬೇಕಲ್ಲ ಇವರಿಗೆ? ಅದ ಇಲ್ದ ಅಕಿ ಹೆಸರ ಇವರ ಬಾಯಾಗ ಬರ್ತಿರಲಿಲ್ಲ."

"ಹೇಳೇನ್ರಿ," ಎಂದಳು ಶಂಕ್ರೆವ್ವ.

"ಎಲ್ಲೈತಿ ಕಾಗದ?"

"ಒಲಿಗೆ ಹಾಕಿದ್ನಿರಿ. ತಿಪ್ಪವ್ವನ ಹೆಸರಿಲೆ ಇಸಗೊಂಡ ರೊಕ್ಕ ಅಂತ ಕಾಸಿಂಸಾಬ ಓದಿ ಹೇಳಿದ. ಅಕಿ ಸತ್ತಿದ್ದು ಅದ ರೊಕ್ಕ ಇಲ್ಲ ಅಂತ. ಅದರ ಮ್ಯಾಲ ರೊಟ್ಟಿ ಬೇಯಿಸಿ ಇವರಿಗೆ ನೀಡಿದೆ. ಉಂಡ್ರು."

ರೇವಣಪ್ಪ ಹೆಂಡತಿಯ ಮೇಲೆ ನುಗ್ಗಿದ. ಹವಾಲ್ದಾರ ಅವನನ್ನು ಎಳೆದುಕೊಂಡು ಹೊರಗೆ ಹೋದ. ಕೂಲಿಯವರಲ್ಲಿ ಒಬ್ಬಿಬ್ಬರು ಅವನತ್ತ ಉಗುಳಿದರು. ಹೆಂಗಸರು ಶಂಕ್ರೆವ್ವನ ಸುತ್ತ ಸೇರಿ ಕಣ್ಣೀರು ಹಾಕತೊಡಗಿದರು.

"ನಿನ್ನ ಹೆಸರ ಚೊಕ್ಕ ಆತು ಪೀರಬಿ," ಎಂದ ಮಾನಪ್ಪ. "ನಾಳಿಂದ ಯಾರ ಮನಿಗಾದ್ರೂ ಹೋಗು."

"ಹೋಗಿ ಏನ ಮಾಡ್ಲಿರಿ? ಇನ್ನ ಮುಷ್ಟಿ ಕೂಡೂದಿಲ್ಲ ಅಂದ್ರು ಡಾಕ್ಟರು." ಅವಳು ಅಂಡಿಗೆ ಹಿಡಿದು ಎದ್ದಳು. ಹೆಂಗಸರ ಗುಂಪು ಬಿಡಿಸಿಕೊಂಡು ಶಂಕ್ರೆವ್ವನ ಎದುರು ನಿಂತಳು.

"ಅಕ್ಕಾರ, ಈ ಗೋದಾಮಿಗೂ ನಿಮ್ಮ ಅಡಗಿಮನಿಗೂ ನಡಕ ಒಂದ ಗ್ವಾಡಿ. ನನ್ನ ಬಡಿವಾಗ ನೀವು ಒಳಗ ಇದ್ರೇನು?"

"ಇದ್ದೆ."

"ನಾ ಚೀರೂದು ಕೇಳ್ತಿತ್ತೇನು?"

ಶಂಕ್ರೆವ್ವ ಆ ಪಟ್ಟಿ ಕಟ್ಟಿದ ಕೈ ನೋಡಿದಳು.

"ಕೇಳ್ತಿತ್ತು ಪೀರಬಿ," ಎಂದಳು. "ನಮ್ಮವರು ಹುಚ್ಚರಂಗ ಹುಡುಕ್ಯಾಡೂದು ನೋಡಿ ನನಗ ಹಿಗ್ಗಾಗಿತ್ತು. ಇನ್ನೊಂದೀಟ ನೋಡಬೇಕು ಅನಿಸಿ ಸುಮ್ಮನಿದ್ದೆ."